ನಲವತ್ತೈದರ ಮೇಲೆ ತಿದ್ದಿಕೊಂಡ ಫೋರ್‌ಹ್ಯಾಂಡ್: ನನ್ನ ಅನುಭವ

ಪುಣೆಯ ಕೋಥ್ರೂಡ್ ಕಡೆಯ ಒಂದು ಮಣ್ಣಿನ ಅಂಕಣದಲ್ಲಿ ನಾವು ಎಂಟು-ಹತ್ತು ಮಂದಿ ಕನ್ನಡಿಗರು ಬೆಳಗಿನ ಆರರಿಂದ ಏಳೂವರೆಯವರೆಗೆ ಟೆನಿಸ್ ಡಬಲ್ಸ್ ಆಡುತ್ತೇವೆ. 2023ರ ಮಳೆಗಾಲದ ಹೊತ್ತಿಗೆ ಈ ಗುಂಪಿನಲ್ಲಿ ನನ್ನ ಫೋರ್‌ಹ್ಯಾಂಡಿಗೆ, ಎಂದರೆ ಬಲಗಡೆಗೆ ಬಂದ ಚೆಂಡನ್ನು ಹೊಡೆಯುವ ಹೊಡೆತಕ್ಕೆ, ‘ಮಜ್ಜಿಗೆ’ ಎಂಬ ಅಡ್ಡಹೆಸರಿತ್ತು. ಇಟ್ಟವರು ಧಾರವಾಡದ ಗೆಳೆಯರೊಬ್ಬರು. ಹೊಡೆತದಲ್ಲಿ ನೀರೇ ಹೆಚ್ಚು, ಗಟ್ಟಿ ಏನೂ ಇಲ್ಲ ಎಂಬುದು ಅವರ ವಿವರಣೆ. ಈಗ ನಾನು ಫೋರ್‌ಹ್ಯಾಂಡಿಗೆ ತಿರುಗಿದೆನೆಂದರೆ ನೆಟ್‌ ಬಳಿ ನಿಂತ ಅದೇ ಗೆಳೆಯರು ರ‍್ಯಾಕೆಟ್ಟನ್ನು ಮುಖಕ್ಕೆ ಅಡ್ಡ ಹಿಡಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಇದನ್ನು ಬರೆಯುವಾಗ ಸ್ವಲ್ಪ ಹೆಮ್ಮೆಯಾಗುತ್ತಿದೆ ಎಂದು ಒಪ್ಪಿಕೊಂಡುಬಿಡುತ್ತೇನೆ.

ನನ್ನ ರೋಗದ ಮೂಲ ಬ್ಯಾಡ್ಮಿಂಟನ್. ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗ ಐದು ವರ್ಷ ಅದನ್ನೇ ಆಡಿದವನು ನಾನು. ಟೆನಿಸ್‌ಗೆ ಬಂದದ್ದು ಲಾಕ್‌ಡೌನ್ ಮುಗಿದ ಮೇಲೆ, 2021ರಲ್ಲಿ, ನಲವತ್ಮೂರನೆಯ ವಯಸ್ಸಿನಲ್ಲಿ. ಷಟಲ್ ಕಾಕ್ ಐದು ಗ್ರಾಂ ಆಸುಪಾಸು ತೂಗುತ್ತದೆ, ಟೆನಿಸ್ ಚೆಂಡು 56ರಿಂದ 59 ಗ್ರಾಂ. ಹತ್ತು ಪಟ್ಟಿಗೂ ಹೆಚ್ಚು ಭಾರದ ಈ ವಸ್ತುವನ್ನು ನಾನು ಮಣಿಕಟ್ಟಿನ ಚಳಕದಿಂದ ಓಡಿಸಲು ನೋಡುತ್ತಿದ್ದೆ. ಷಟಲ್ ಆಡಿ ಬಂದವರೆಲ್ಲರೂ ಮಾಡುವ ತಪ್ಪು ಇದೇ. ತಪ್ಪು ಎಂದು ಗೊತ್ತಿದ್ದೂ ಮಾಡುತ್ತೇವೆ, ಏಕೆಂದರೆ ಹತ್ತರಲ್ಲಿ ಒಂದು ಹೊಡೆತ ಹಾಗೆಯೇ ಕುದುರಿ ಮೂಲೆಗೆ ಹೋಗಿ ಬೀಳುತ್ತದೆ, ಮತ್ತು ಮನಸ್ಸು ಆ ಒಂದನ್ನೇ ನೆನಪಿಟ್ಟುಕೊಳ್ಳುತ್ತದೆ.

ದುಡ್ಡಿನ ಕಥೆಯನ್ನು ಮೊದಲೇ ಹೇಳುತ್ತೇನೆ. ಒಬ್ಬ ತರಬೇತುದಾರರ ಬಳಿ ತಿಂಗಳಿಗೆ ಆರು ಸಾವಿರದಂತೆ ಮೂರು ತಿಂಗಳು ಹೋದೆ. ಅವರು ಕೆಳಗಿನಿಂದ ಮೇಲಕ್ಕೆ ಉಜ್ಜಿ, ಉಜ್ಜಿ ಎಂದು ಅದೊಂದನ್ನೇ ಹೇಳಿದರು. ನಾನು ಉಜ್ಜಿದೆ. ಚೆಂಡು ಚೆನ್ನಾಗಿ ತಿರುಗಿತು, ನೆಟ್ಟಿನ ಮೇಲೆ ಒಂದು ಮೀಟರ್ ಎತ್ತರದಲ್ಲಿ ದಾಟಿತು, ಸರ್ವಿಸ್ ಗೆರೆಯ (ನೆಟ್ಟಿಗೂ ಹಿಂದಿನ ಗೆರೆಗೂ ನಡುವಿನ ಗೆರೆ) ಒಳಗೇ ಬಿದ್ದು ಎದುರಾಳಿಯ ಸೊಂಟದ ಮಟ್ಟಕ್ಕೆ ಪ್ರಸಾದದಂತೆ ಏರಿ ನಿಂತಿತು. ಸ್ಪಿನ್ ಬಂದಿತ್ತು, ಮುಂದಕ್ಕೆ ಹೋಗುವ ಬಲ ಸತ್ತಿತ್ತು. ಆಮೇಲೆ ತಪ್ಪು ರ‍್ಯಾಕೆಟ್ಟಿನದಿರಬೇಕು ಎನ್ನಿಸಿ ಹದಿನೇಳು ಸಾವಿರ ಕೊಟ್ಟು ಹೊಸದನ್ನು ಕೊಂಡೆ. ಅದಕ್ಕೆ ಪಾಲಿಯೆಸ್ಟರ್ ಸ್ಟ್ರಿಂಗ್ ಅನ್ನು 55 ಪೌಂಡ್ ಬಿಗಿಯಲ್ಲಿ ಹಾಕಿಸಿದೆ, ಟಿವಿಯಲ್ಲಿ ಆಡುವವರೆಲ್ಲ ಅದನ್ನೇ ಹಾಕಿಸುತ್ತಾರೆ ಎಂಬ ಏಕೈಕ ಕಾರಣಕ್ಕೆ. ಎಂಟು ವಾರದಲ್ಲಿ ಮೊಣಕೈಯ ಒಳಮಗ್ಗುಲು ನೋಯಲಾರಂಭಿಸಿತು. ಟೆನಿಸ್ ಎಲ್ಬೋ ಎಂದು ಎಲ್ಲರೂ ಹೇಳುವುದು ಹೊರಮಗ್ಗುಲಿನ ನೋವಿಗೆ. ನನ್ನದು ಗಾಲ್ಫ್ ಆಡುವವರಿಗೆ ಬರುವ ಬಗೆಯದು. ಗಾಲ್ಫ್ ಕೋಲನ್ನು ಜನ್ಮದಲ್ಲಿ ಮುಟ್ಟದವನಿಗೆ ಆ ಕಾಯಿಲೆ! ಹತ್ತು ಸಲ ಫಿಸಿಯೋಥೆರಪಿಗೆ ಆರು ಸಾವಿರ, ನಾಲ್ಕು ಸಲ ಸ್ಟ್ರಿಂಗ್ ಬದಲಿಸಿದ್ದಕ್ಕೆ ಐದು ಸಾವಿರ. ಒಟ್ಟು ನಲವತ್ತಾರು ಸಾವಿರದಷ್ಟು ಹೋಯಿತು, ಮಜ್ಜಿಗೆ ಮಜ್ಜಿಗೆಯಾಗಿಯೇ ಉಳಿಯಿತು.

ತಿರುವು ಸಿಕ್ಕಿದ್ದು ಪುಣೆಯದೇ ಬಾಲೇವಾಡಿಯಲ್ಲಿ. 2023ರ ಜನವರಿಯಲ್ಲಿ ಅಲ್ಲಿ ಮಹಾರಾಷ್ಟ್ರ ಓಪನ್ ಎಂಬ ಅಂತರರಾಷ್ಟ್ರೀಯ ಟೆನಿಸ್ ಪಂದ್ಯಾವಳಿ ನಡೆದಾಗ (ಪುಣೆಯಲ್ಲಿ ನಡೆದದ್ದು ಅದೇ ಕೊನೆಯ ಬಾರಿ) ಪಂದ್ಯಗಳಿಗಿಂತ ಹೆಚ್ಚು ಹೊತ್ತನ್ನು ಅಭ್ಯಾಸದ ಅಂಕಣಗಳ ಬೇಲಿಗೆ ಅಂಟಿಕೊಂಡು ಕಳೆದೆ. ಬಲಗೈ ಆಟಗಾರರ ಬಲಗೈಯನ್ನೇ ನೋಡಿ ನೋಡಿ ಏನೂ ಅರ್ಥವಾಗದೆ ಬೇಸರ ಬಂದು, ಸುಮ್ಮನೆ ಎಡಗೈಯನ್ನು ನೋಡಲು ಶುರುಮಾಡಿದೆ. ಎದುರಿನಿಂದ ಚೆಂಡು ಹೊರಟ ಕೂಡಲೇ ಅವರ ಎಡಗೈ ರ‍್ಯಾಕೆಟ್ಟಿನ ಕೊರಳನ್ನು ಹಿಡಿದುಕೊಂಡೇ ಹಿಂದಕ್ಕೆ ಹೋಗುತ್ತಿತ್ತು. ಎಡಭುಜ ನೆಟ್ಟಿನ ಕಡೆಗೆ ತಿರುಗಿದ ಮೇಲಷ್ಟೇ ಹಿಡಿತ ಬಿಟ್ಟು ಪಕ್ಕದ ಗೆರೆಗೆ ಸಮನಾಗಿ ಚಾಚಿಕೊಳ್ಳುತ್ತಿತ್ತು. ನನ್ನ ಎಡಗೈಯೋ ಬಸ್ಸಿನಲ್ಲಿ ಕಂಬಿ ಹಿಡಿದಂತೆ ಎಲ್ಲೋ ತೂಗಾಡುತ್ತಿತ್ತು. ಎಡಗೈ ಬೇಗ ಬಿಟ್ಟರೆ ಭುಜ ತಿರುಗುವುದಿಲ್ಲ, ಭುಜ ತಿರುಗದಿದ್ದರೆ ಸೊಂಟಕ್ಕೆ ಬಿಚ್ಚಿಕೊಳ್ಳಲು ಏನೂ ಉಳಿಯುವುದಿಲ್ಲ, ಕೊನೆಗೆ ಎಲ್ಲ ಕೆಲಸವೂ ಮೊಣಕೈಯ ತಲೆಗೆ ಬರುತ್ತದೆ.

ಕಂಡದ್ದು ಜನವರಿಯಲ್ಲಾದರೂ ಪಂದ್ಯ ಆಡುತ್ತಲೇ ತಿದ್ದಿಕೊಳ್ಳುತ್ತೇನೆ ಎಂಬ ಹಟದಲ್ಲಿ ಮಳೆಗಾಲದವರೆಗೆ ಕಾಲ ಕಳೆದೆ. ಅದು ಆಗುವ ಮಾತಲ್ಲ. 30–40 ಇದ್ದಾಗ, ಎಂದರೆ ಇನ್ನೊಂದು ಅಂಕ ಹೋದರೆ ಗೇಮ್ ಕೈಬಿಡುವ ಹೊತ್ತಿನಲ್ಲಿ, ಕೈ ತನ್ನ ಹಳೆಯ ಮನೆಗೇ ಓಡುತ್ತದೆ. ಆದ್ದರಿಂದ ಮಳೆ ನಿಂತು ಅಂಕಣ ಒಣಗಿದ ಮೇಲೆ, ಅಕ್ಟೋಬರ್ ಮಧ್ಯದಿಂದ ನಾಲ್ಕು ತಿಂಗಳು ಒಂದೂ ಪಂದ್ಯ ಆಡುವುದಿಲ್ಲ, ಯಾರೊಂದಿಗೂ ರ‍್ಯಾಲಿ ಮಾಡುವುದಿಲ್ಲ, ಎಡಗೈಯಿಂದ ಚೆಂಡು ಬೀಳಿಸಿಕೊಂಡು ಒಬ್ಬನೇ ಹೊಡೆಯುತ್ತೇನೆ ಎಂದು ಪ್ರಕಟಿಸಿದೆ. ಧಾರವಾಡದ ಗೆಳೆಯರು, “ನಲವತ್ತೈದು ದಾಟ್ಯಾವ್ರೀ, ಈಗ ಕೈ ಬದಲಿ ಮಾಡ್ತೀರೇನು? ಇದ್ದದ್ದೂ ಹೋಗ್ತದ ನೋಡ್ರಿ” ಎಂದರು. ಕ್ಲಬ್ಬಿನ ಮಾರ್ಕರ್ (ದುಡ್ಡು ಪಡೆದು ಸದಸ್ಯರ ಜೊತೆ ಆಡುವವನು), ಎದುರಿನಿಂದ ಬರುವ ಚೆಂಡನ್ನು ಹೊಡೆಯದೆ ಯಾರೂ ಟೆನಿಸ್ ಕಲಿತದ್ದಿಲ್ಲ ಎಂದು ನಕ್ಕ. ಗಂಟೆಯ ಬಾಡಿಗೆ ತಪ್ಪಿತೆಂಬ ಬೇಸರವೂ ಆ ನಗೆಯಲ್ಲಿ ಇದ್ದಿರಬಹುದು. ನಡುವೆ 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ, ವಯಸ್ಸಿನ ಮಾತಿಗೆ ಉತ್ತರ ಸಿಕ್ಕಿತೆಂದು ನಾನು ಮೀಸೆ ತಿರುವಿದೆ. “ಅವರು ಸರ್ವಿಸ್ ಹೊಡೆಯೋದು ನಲವತ್ಮೂರಕ್ಕ ಕಲ್ತಿಲ್ರೀ” ಎಂದು ಗೆಳೆಯರು ಅದನ್ನೂ ಮುಗಿಸಿದರು.

ಸಾಮಗ್ರಿ ಇಷ್ಟೆ: ಮಾರ್ಕರನಿಂದಲೇ ಇಪ್ಪತ್ತು ರೂಪಾಯಿಗೊಂದರಂತೆ ಕೊಂಡ ಅರವತ್ತು ಹಳೆಯ ಚೆಂಡು, ಒಂದು ಪ್ಲಾಸ್ಟಿಕ್ ಬಕೆಟ್ಟು, ಏಳುನೂರರ ಮೊಬೈಲ್ ಸ್ಟ್ಯಾಂಡ್. ಒಂಬತ್ತರ ಮೇಲೆ ಅಂಕಣ ಖಾಲಿ ಇರುವುದರಿಂದ ಗಂಟೆಗೆ ಇನ್ನೂರಕ್ಕೆ ಒಪ್ಪಿಕೊಂಡರು. ವಾರಕ್ಕೆ ಮೂರು ದಿನ, ದಿನಕ್ಕೆ ಬಕೆಟ್ಟು ನಾಲ್ಕು ಸಲ ಖಾಲಿಯಾಗುವಷ್ಟು. ನಾಲ್ಕು ತಿಂಗಳಲ್ಲಿ ಹನ್ನೊಂದು ಸಾವಿರ ಹೊಡೆತಗಳಾಗಿರಬೇಕು; ಅಷ್ಟೇ ಸಲ ಬಗ್ಗಿ ಆರಿಸಿಕೊಂಡಿದ್ದೇನೆ ಎಂಬುದನ್ನೂ ಸೇರಿಸಿ ಓದಿಕೊಳ್ಳಿ. ಎಲ್ಲ ಸೇರಿ ಹನ್ನೆರಡು ಸಾವಿರದ ಒಳಗೆ ಮುಗಿಯಿತು.

ಹಿಡಿತವನ್ನು ಸೆಮಿ ವೆಸ್ಟರ್ನ್ ಎಂಬ ಬಗೆಗೆ ಒಯ್ದೆ, ತೋರುಬೆರಳ ಬುಡದ ಗೆಣ್ಣು ಎಂಟು ಪಟ್ಟಿಯ ಹಿಡಿಕೆಯ ನಾಲ್ಕನೆಯ ಪಟ್ಟಿಯ ಮೇಲೆ ಬರುವಂತೆ. ಅದಕ್ಕೂ ಮುಂದೆ ಹೋಗಿ ಪೂರ್ತಿ ವೆಸ್ಟರ್ನ್ ಪ್ರಯತ್ನಿಸಿದ ಎರಡು ವಾರ ಶುದ್ಧ ನಷ್ಟ; ನಮ್ಮ ಮಣ್ಣಿನಲ್ಲಿ ಚೆಂಡು ಏಳುವುದಕ್ಕಿಂತ ಜಾರುವುದೇ ಹೆಚ್ಚು, ಮೊಣಕಾಲಿನ ಕೆಳಗೆ ಬಂದದ್ದೆಲ್ಲ ರ‍್ಯಾಕೆಟ್ಟಿನ ಅಂಚಿಗೆ ತಗುಲಿತು. ಮೊದಲ ಆರು ವಾರ ಮೂರೇ ಗುರಿಗಳಿದ್ದವು. ಎಡಭುಜ ತಿರುಗುವವರೆಗೆ ಎಡಗೈ ಕೊರಳನ್ನು ಬಿಡಬಾರದು. ಕೈ ಹೊರಡುವ ಮೊದಲು ಬಲಸೊಂಟ ಹೊರಡಬೇಕು. ಹೊಡೆದಾದ ಮೇಲೆ ರ‍್ಯಾಕೆಟ್ಟು ಎಡಭುಜದ ಮೇಲೆ ಬಂದು ಎಡಗೈಗೆ ಸಿಗಬೇಕು. ಚೆಂಡು ಎಲ್ಲಿ ಬಿತ್ತು ಎಂದು ನೋಡುವುದನ್ನು ನಿಷೇಧಿಸಿಕೊಂಡಿದ್ದೆ. ಅದೇ ಎಲ್ಲಕ್ಕಿಂತ ಕಷ್ಟವಾದದ್ದು.

ಮೂರನೆಯ ವಾರ ನಡೆದ ಒಂದು ಸಂಗತಿಯಿಂದ ನನ್ನ ತಿಳಿವಳಿಕೆಯೇ ತಿರುಗಿತು. ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮಿನಂತೆ ಚಿತ್ರ ತೆಗೆದು, ರ‍್ಯಾಕೆಟ್ಟು ಮುಟ್ಟಿದ ಫ್ರೇಮಿನಿಂದ ಚೆಂಡು ಆಚೆ ನೆಲ ಮುಟ್ಟಿದ ಫ್ರೇಮಿನವರೆಗೆ ಎಣಿಸುತ್ತಿದ್ದೆ. ಬೇಸ್‌ಲೈನಿನಿಂದ ಬೇಸ್‌ಲೈನಿಗೆ, ಎಂದರೆ ಅಂಕಣದ ಈ ತುದಿಯ ಗೆರೆಯಿಂದ ಆ ತುದಿಯ ಗೆರೆಗೆ, 23.77 ಮೀಟರ್, ಸುಮಾರು 21 ಮೀಟರಿನಲ್ಲಿ ಬಿದ್ದ ಹೊಡೆತಗಳನ್ನಷ್ಟೇ ಲೆಕ್ಕಕ್ಕೆ ಹಿಡಿದೆ. ಹಲ್ಲು ಕಚ್ಚಿ ಹೊಡೆದವು 252 ಫ್ರೇಮಿನ ಆಸುಪಾಸು, ಎಂದರೆ ಸರಾಸರಿ ಗಂಟೆಗೆ 72 ಕಿ.ಮೀ. ಬಕೆಟ್ಟಿನ ಕೊನೆಯಲ್ಲಿ ಸುಸ್ತಾಗಿ, ಮುಗಿದರೆ ಸಾಕಪ್ಪಾ ಎಂದು ಸಡಿಲ ಬಿಟ್ಟು ಹೊಡೆದವು 236, ಎಂದರೆ 77 ಕಿ.ಮೀ. ನಂಬಲಾಗದೆ ಮೂರು ದಿನ ಅದನ್ನೇ ಎಣಿಸಿದೆ. ಬಿಗಿ ಹಿಡಿದ ಕೈ ಸೊಂಟದಿಂದ ಬಂದ ವೇಗವನ್ನು ಭುಜದಲ್ಲಿಯೇ ತಡೆಯುತ್ತಿತ್ತು. ಸಡಿಲ ಬಿಟ್ಟಾಗ ರ‍್ಯಾಕೆಟ್ಟಿನ ತಲೆ ಹಿಂದೆ ಉಳಿದು, ಆಮೇಲೆ ಚಾವಟಿಯ ತುದಿಯಂತೆ ತಾನಾಗಿ ಹಾದುಬರುತ್ತಿತ್ತು. ಬ್ಯಾಡ್ಮಿಂಟನ್ನಿನ ಮಣಿಕಟ್ಟಿಗೆ ನಾನು ಕಲಿಸಬೇಕಾಗಿದ್ದದ್ದು ಹೊಸ ಕೆಲಸವನ್ನಲ್ಲ, ಕೆಲಸ ಮಾಡದೆ ಸುಮ್ಮನಿರುವುದನ್ನು.

ಆ ಸಡಿಲಿಕೆಯನ್ನು ಬೇಕೆಂದಾಗ ತರಲು ಉಪಯೋಗಕ್ಕೆ ಬಂದದ್ದು ಮಗನ ಫುಟ್‌ಬಾಲ್ ಕಾಲುಚೀಲ. ಅದರ ತುದಿಗೆ ಒಂದು ಚೆಂಡು ತುಂಬಿ, ಬಾಯಿಯ ಕಡೆ ಹಿಡಿದು ಫೋರ್‌ಹ್ಯಾಂಡಿನಂತೆಯೇ ಬೀಸಬೇಕು. ಕೈಯಿಂದ ಎಳೆದರೆ ಚೀಲ ಮಡಚಿಕೊಂಡು ಚೆಂಡು ಬೆನ್ನಿಗೆ ಬಡಿಯುತ್ತದೆ. ಸೊಂಟ ಮೊದಲು ಹೊರಟರೆ ನೆಟ್ಟಗೆ ಚಾಚಿಕೊಂಡು ಸುಯ್ಯೆಂದು ಹಾಯುತ್ತದೆ. ಸಂಜೆ ಮಾಳಿಗೆಯ ಮೇಲೆ ಐವತ್ತು ಸಲ ಬೀಸುತ್ತಿದ್ದೆ. ಎದುರು ಕಟ್ಟಡದ ಅಜ್ಜಿಯೊಬ್ಬರು ನನ್ನ ಹೆಂಡತಿಯನ್ನು ಕರೆದು, ನಿಮ್ಮ ಯಜಮಾನರು ಸಂಜೆ ಹೊತ್ತು ಏನನ್ನು ಓಡಿಸುತ್ತಿರುತ್ತಾರೆ ಎಂದು ವಿಚಾರಿಸಿದರಂತೆ.

ಗೋಡೆಗೆ ಹೊಡೆಯುವ ಅಭ್ಯಾಸವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದರಿಂದ ಕೆಡುಕೇ ಆಯಿತು. ಗೋಡೆಯಿಂದ ಚೆಂಡು ಬಲು ಬೇಗ ಮರಳುವುದರಿಂದ ತಿರುಗಲು ಸಮಯ ಸಿಗದೆ ಮತ್ತೆ ಚೆಂಡನ್ನು ಪಕ್ಕದಲ್ಲಿ, ತಡವಾಗಿ ಮುಟ್ಟತೊಡಗಿದೆ. ಆಚೀಚಿನ ಮನೆಯವರಿಂದ ಸದ್ದಿನ ದೂರು ಬಂದು ಅದು ನಿಂತದ್ದು ಒಳ್ಳೆಯದೇ ಆಯಿತು. ಚೆಂಡನ್ನು ಮುಂದೆ ಮುಟ್ಟುವುದಕ್ಕೆ ಎಡಗಾಲಿನ ಮುಂದೆ ಒಂದು ಮೊಳ ದೂರದಲ್ಲಿ ಖಾಲಿ ಚೆಂಡಿನ ಡಬ್ಬಿಯನ್ನು ಇಟ್ಟು, ಅದರ ನೇರಕ್ಕೆ ಹೊಡೆಯುತ್ತಿದ್ದೆ.

ನಡುನಡುವೆ ಬೇಡದ ಪ್ರಯೋಗಗಳಿಗೂ ಕೈಹಾಕಿದೆ. ರ‍್ಯಾಕೆಟ್ಟಿನ ತಲೆಗೆ ಆರು ಗ್ರಾಂ ಸೀಸದ ಪಟ್ಟಿ ಅಂಟಿಸಿದಾಗ ಹೊಡೆತ ಭಾರವಾದದ್ದು ನಿಜ, ಆದರೆ ಎರಡನೆಯ ಬಕೆಟ್ಟಿನ ಹೊತ್ತಿಗೆ ಕೈ ತಡವಾಗುತ್ತಿತ್ತು, ಕಿತ್ತುಹಾಕಿದೆ. ಸ್ಟ್ರಿಂಗ್ ಬಿಗಿಯನ್ನು 48 ಪೌಂಡಿಗೆ ಇಳಿಸಿ, ಅಡ್ಡ ದಾರಗಳನ್ನು ಮೆತ್ತನೆಯ ಸಿಂಥೆಟಿಕ್‌ಗೆ ಬದಲಿಸಿದ್ದು ಮಾತ್ರ ಉಳಿದುಕೊಂಡಿದೆ, ಮೊಣಕೈ ಇಂದಿಗೂ ತಣ್ಣಗಿದೆ. ಮುಂಬೈಯಲ್ಲಿ ಮೇ ತಿಂಗಳಲ್ಲಿ ಒಮ್ಮೆ ಆಡಿದಾಗ ಇದೇ ಹೊಡೆತ ಒಂದೂವರೆ ಮೀಟರ್ ಗಿಡ್ಡವಾಗಿ ಬಿದ್ದು ಗಾಬರಿಯಾಗಿತ್ತು. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಅಷ್ಟಿಷ್ಟು ತೆಳು. ಅಲ್ಲಿಯ ತೇವಕ್ಕೆ ಚೆಂಡಿನ ಮೇಲಿನ ಉಣ್ಣೆಯೂ ನೀರು ಕುಡಿದು ಭಾರವಾಗುತ್ತದೆ. ಮುಂಬೈಗೆ ಹೋದಾಗ ಈಗ ನೆಟ್ಟಿನ ಮೇಲೆ ಒಂದು ಗೇಣು ಹೆಚ್ಚು ಎತ್ತರ ಕೊಡುತ್ತೇನೆ.

ಬಲಗಾಲಿನ ಮೇಲೆ ಭಾರ ಹಾಕುವ ಕ್ಷಣದಲ್ಲಿ ಪಾದವನ್ನು ಎಷ್ಟು ಓರೆಯಾಗಿ ಊರಬೇಕು, ಮತ್ತು ಉಸಿರನ್ನು ಯಾವಾಗ ಬಿಡಬೇಕು ಎಂಬ ಎರಡು ವಿಷಯಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೊನೆಯ ಹತ್ತು ಕಿ.ಮೀ. ಬಂದದ್ದು ಅವೆರಡರಿಂದ, ಮತ್ತು ಇದನ್ನು ಓದುವವರಲ್ಲಿ ನಾಲ್ಕೈದು ಮಂದಿಯ ಎದುರು ನಾನು ಪ್ರತಿ ಭಾನುವಾರ ಆಡಬೇಕಾಗಿದೆ.

ಫೆಬ್ರವರಿ ಮಧ್ಯದಲ್ಲಿ ಎಣಿಸಿದಾಗ 187 ಫ್ರೇಮ್, ಎಂದರೆ ಸರಾಸರಿ 97 ಕಿ.ಮೀ. ಗಾಳಿ ಚೆಂಡಿನ ವೇಗವನ್ನು ತಿನ್ನುತ್ತಾ ಹೋಗುವುದರಿಂದ ರ‍್ಯಾಕೆಟ್ಟು ಬಿಟ್ಟಾಗಿನ ವೇಗ ಇನ್ನೂ ಹೆಚ್ಚಿರಬೇಕು, ಅದನ್ನು ಅಳೆಯುವ ಉಪಕರಣ ನನ್ನಲ್ಲಿಲ್ಲ. ಪಂದ್ಯಕ್ಕೆ ಮರಳಿದ ಮೊದಲ ಮೂರು ವಾರ ಸೋತೆ. ಮಾರ್ಕರ್ ಹೇಳಿದ್ದರಲ್ಲಿಯೂ ಸತ್ಯವಿತ್ತು, ಬರುವ ಚೆಂಡಿನ ಲಯಕ್ಕೆ ತಿರುಗುವಿಕೆಯನ್ನು ಹೊಂದಿಸಲು ಅವನಿಗೇ ದುಡ್ಡು ಕೊಟ್ಟು ಆರು ಗಂಟೆ ಆಡಿದೆ. ನಾಲ್ಕನೆಯ ವಾರ ಧಾರವಾಡದ ಗೆಳೆಯರ ಮೇಲೆ 6–3 ಗೆದ್ದೆ. ಅಂದು ಅವರು ಅಡ್ಡಹೆಸರನ್ನು ವಾಪಸು ಪಡೆಯಲಿಲ್ಲ, ಕಾಲುಚೀಲವನ್ನು ಮಾತ್ರ ಎರಡು ದಿನಕ್ಕೆಂದು ಕೇಳಿ ಒಯ್ದರು, ಇನ್ನೂ ಮರಳಿಸಿಲ್ಲ.

ಒಂದು ಕೊರತೆ ಹಾಗೆಯೇ ಇದೆ. ಅಂಕಣದ ಮಧ್ಯದಲ್ಲಿ ಭುಜದೆತ್ತರಕ್ಕೆ ನಿಧಾನವಾಗಿ ಬರುವ ಚೆಂಡಿಗೆ ಮುಂದೆ ಓಡಿ ಹೋಗುವಾಗ ಎಡಗೈ ಇಂದಿಗೂ ಬೇಗ ಬಿಟ್ಟುಬಿಡುತ್ತದೆ, ಹತ್ತರಲ್ಲಿ ನಾಲ್ಕು ನೆಟ್ಟಿಗೆ ಹೋಗುತ್ತವೆ. ಈ ಮಳೆಗಾಲ ಮುಗಿದ ಮೇಲೆ ಬಕೆಟ್ಟನ್ನು ಸರ್ವಿಸ್ ಗೆರೆಯ ಹತ್ತಿರಕ್ಕೆ ಒಯ್ಯಬೇಕೆಂದಿದ್ದೇನೆ.