ಗೀಸರ್ ಥರ್ಮೋಸ್ಟಾಟ್: ಬದಲಿಸುವುದು ಹೇಗೆ, ಎಷ್ಟಕ್ಕೆ ಇಡಬೇಕು?

ಗೀಸರ್ ನೀರು ಕುದಿಯತೊಡಗಿದರೂ, ಉಗುರುಬೆಚ್ಚಗಾಗಿ ನಿಂತರೂ, ಬಿಸಿಯೇ ಆಗದಿದ್ದರೂ ಎಲ್ಲರೂ ಮೊದಲು ಬೊಟ್ಟು ಮಾಡುವುದು ಥರ್ಮೋಸ್ಟಾಟ್ ಕಡೆಗೆ. ಅನೇಕ ಸಲ ದೋಷ ಅದರದ್ದೇ ಆಗಿರುತ್ತದೆ. ಆದರೆ ನೀರು ಕಾಯಿಸುವ ಕಾಯಿಲ್ ಸುಟ್ಟಿರುವುದು, ಸುಣ್ಣದ ಪದರ ಕಟ್ಟಿರುವುದು, ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಬೆರೆಯುತ್ತಿರುವುದು ಕೂಡ ಹೊರಗಿನಿಂದ ನೋಡಲು ಹೀಗೇ ಕಾಣುತ್ತವೆ. ಹಾಗಾಗಿ ಬಿಡಿಭಾಗ ತರುವ ಮೊದಲು ಪರೀಕ್ಷೆ, ಆಮೇಲೆ ಸ್ಕ್ರೂಡ್ರೈವರ್.

ಇಲ್ಲಿ ಹೇಳಿರುವುದು ಟ್ಯಾಂಕ್ ಇರುವ ವಿದ್ಯುತ್ ಗೀಸರ್‌ಗಳಿಗೆ ಮಾತ್ರ ಅನ್ವಯ. ಗ್ಯಾಸ್ ಗೀಸರ್‌ನ ಒಳಗೆ ಕೈ ಹಾಕುವುದು ಮನೆಯವರ ಕೆಲಸವಲ್ಲ. ಡಿಜಿಟಲ್ ಪರದೆಯ ಗೀಸರ್‌ಗಳಲ್ಲಿ ಸೆನ್ಸರ್ ಮತ್ತು ಎಲೆಕ್ಟ್ರಾನಿಕ್ ಬೋರ್ಡ್ ಇರುವುದರಿಂದ ಅವುಗಳ ದುರಸ್ತಿ ಬೇರೆಯೇ. ವಾರಂಟಿ ಇನ್ನೂ ಇದ್ದರೆ ಕವರ್ ಬಿಚ್ಚದೆ ಕಂಪನಿಯವರನ್ನೇ ಕರೆಸಿ.

ಥರ್ಮೋಸ್ಟಾಟ್ ಬೇರೆ, ಕಟೌಟ್ ಬೇರೆ

ಗೀಸರ್‌ನ ಕವರ್ ಒಳಗೆ ಬಿಸಿಯನ್ನು ಕಾಯುವ ಭಾಗಗಳು ಎರಡು. ಥರ್ಮೋಸ್ಟಾಟ್ ದಿನವೂ ಕೆಲಸ ಮಾಡುತ್ತದೆ: ನಿಗದಿ ಮಾಡಿದಷ್ಟು ಬಿಸಿಯಾದಾಗ ಕಾಯಿಲ್‌ಗೆ ಹೋಗುವ ಕರೆಂಟ್ ಕಡಿದು, ನೀರು ಆರಿದಾಗ ಮತ್ತೆ ಕೊಡುತ್ತದೆ. ಕಡ್ಡಿ ಮಾದರಿಯದರಲ್ಲಿ ಹಿತ್ತಾಳೆಯ ಕೊಳವೆಯೊಳಗೆ ಇನ್ವಾರ್ ಎಂಬ ಕಬ್ಬಿಣ–ನಿಕ್ಕಲ್ ಮಿಶ್ರಲೋಹದ ಸರಳು ಇರುತ್ತದೆ. ಬಿಸಿಗೆ ಹಿತ್ತಾಳೆ ಹಿಗ್ಗುತ್ತದೆ, ಇನ್ವಾರ್ ಬಹುಪಾಲು ಹಿಗ್ಗುವುದೇ ಇಲ್ಲ. ಆ ವ್ಯತ್ಯಾಸವೇ ಸ್ವಿಚ್ಚನ್ನು ಎಳೆದು ಬಿಡಿಸುತ್ತದೆ. ಇನ್ನೊಂದು ಮಾದರಿಯಲ್ಲಿ ತುದಿಯ ಸಣ್ಣ ಬಲ್ಬಿನಲ್ಲಿ ದ್ರವ ತುಂಬಿರುತ್ತದೆ. ಅದು ಬಿಸಿಯಾಗಿ ಹಿಗ್ಗಿದಾಗ ಕೂದಲಿನಷ್ಟು ಸಪೂರವಾದ ತಾಮ್ರದ ನಳಿಗೆಯ ಮೂಲಕ ಸ್ವಿಚ್ಚನ್ನು ತಳ್ಳುತ್ತದೆ.

ಕಟೌಟ್ ಕೆಲಸಕ್ಕೆ ಬರುವುದು ಥರ್ಮೋಸ್ಟಾಟ್ ಕೈಕೊಟ್ಟಾಗ. ನೀರು ಮಿತಿಮೀರಿ ಬಿಸಿಯಾದರೆ, ಅಂದರೆ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ, ಅದು ಟ್ರಿಪ್ ಆಗುತ್ತದೆ, ಅಂದರೆ ಕರೆಂಟ್ ಕಡಿಯುತ್ತದೆ. ಹೆಚ್ಚಿನ ಗೀಸರ್‌ಗಳಲ್ಲಿ ಸಣ್ಣ ಗುಂಡಿಯನ್ನು ಕೈಯಿಂದಲೇ ಒತ್ತಿ ರೀಸೆಟ್ ಮಾಡಬೇಕು. ಕೆಲವು ಮಾದರಿಗಳಲ್ಲಿ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ.

ಕಟೌಟ್ ಪದೇಪದೇ ಟ್ರಿಪ್ ಆದರೆ ಎರಡು ವೈರ್‌ಗಳನ್ನು ಸೇರಿಸಿ ‘ಡೈರೆಕ್ಟ್’ ಮಾಡಿಬಿಡುವ ಅಭ್ಯಾಸವಿದೆ. ಗೀಸರ್‌ಗೆ ಮಾಡಬಹುದಾದ ಅತ್ಯಂತ ಅಪಾಯಕಾರಿ ಕೆಲಸ ಇದು. ಮುಂದೊಂದು ದಿನ ಥರ್ಮೋಸ್ಟಾಟ್‌ನ ಕಾಂಟ್ಯಾಕ್ಟ್ ಕರಗಿ ಅಂಟಿಕೊಂಡರೆ ಕರೆಂಟ್ ಕಡಿಯುವವರೇ ಇರುವುದಿಲ್ಲ. ಒತ್ತಡದಲ್ಲಿರುವ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. 8 ಬಾರ್ ಒತ್ತಡದಲ್ಲಿ ಅದು ಸುಮಾರು 175 ಡಿಗ್ರಿವರೆಗೂ ನೀರಾಗಿಯೇ ಇರುತ್ತದೆ. ಆ ಸ್ಥಿತಿಯಲ್ಲಿ ಟ್ಯಾಂಕ್ ಒಡೆದರೆ ನೀರಿನ ಒಂದು ಭಾಗ ಕ್ಷಣಾರ್ಧದಲ್ಲಿ ಹಬೆಯಾಗುತ್ತದೆ, ಹಬೆಯ ಗಾತ್ರ ನೀರಿನ 1,600 ಪಟ್ಟಿಗೂ ಹೆಚ್ಚು. ಅಷ್ಟು ಹೊತ್ತಿಗೆ ಉಳಿದಿರುವುದು ಒತ್ತಡ ಹೆಚ್ಚಾದರೆ ನೀರನ್ನು ಹೊರಬಿಡುವ ಸೇಫ್ಟಿ ವಾಲ್ವ್ ಒಂದೇ. ಅದೂ ಸುಣ್ಣ ಕಟ್ಟಿ ಬಿಗಿದುಕೊಂಡಿರಬಹುದು.

ದೋಷ ಎಲ್ಲಿದೆ?

ಬಿಸಿಯಾಗುವುದನ್ನು ತೋರಿಸುವ ದೀಪ ಉರಿಯುತ್ತಿದ್ದು ನೀರು ತಣ್ಣಗೇ ಇದ್ದರೆ ಸಾಮಾನ್ಯವಾಗಿ ಕಾಯಿಲ್ ತುಂಡಾಗಿರುತ್ತದೆ, ಥರ್ಮೋಸ್ಟಾಟ್ ಸರಿಯಿರುತ್ತದೆ. ದೀಪವೇ ಹೊತ್ತದಿದ್ದರೆ ಪ್ಲಗ್‌ಗೆ ಕರೆಂಟ್ ಬರುತ್ತಿದೆಯೇ, ಕಟೌಟ್ ಟ್ರಿಪ್ ಆಗಿದೆಯೇ, ಥರ್ಮೋಸ್ಟಾಟ್ ಕರೆಂಟ್ ಕಡಿದ ಸ್ಥಿತಿಯಲ್ಲೇ ಉಳಿದಿದೆಯೇ ಎಂದು ಈ ಕ್ರಮದಲ್ಲೇ ನೋಡಿ. ದೀಪ ಆರುವುದೇ ಇಲ್ಲ, ನಲ್ಲಿಯಲ್ಲಿ ಹಬೆ ಉಗುಳುತ್ತಿದೆ ಎಂದಾದರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ. ತಕ್ಷಣ ಎಂಸಿಬಿ (ಆ ಲೈನಿನ ಸರ್ಕ್ಯೂಟ್ ಬ್ರೇಕರ್) ಇಳಿಸಿ, ಸರಿಹೋಗುವವರೆಗೆ ಬಳಸಬೇಡಿ.

ನೀರು ಉಗುರುಬೆಚ್ಚಗೆ ಬರುತ್ತಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಗೀಸರ್ ಸ್ವಿಚ್ ಆಫ್ ಮಾಡಿ, ಗೀಸರ್‌ಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತಿರುಗಿಸಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಯಾವುದೋ ಮಿಕ್ಸರ್ ನಲ್ಲಿಯ ಮೂಲಕ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ. ಆಗ ಥರ್ಮೋಸ್ಟಾಟ್ ಬದಲಿಸಿ ಪ್ರಯೋಜನವಿಲ್ಲ. ನೀರು ನಿಂತರೆ ಸುಣ್ಣದ ಪದರದ ಮೇಲೆ ಅನುಮಾನ ಪಡಿ. ಥರ್ಮೋಸ್ಟಾಟ್‌ನ ಕಡ್ಡಿ ಕೂರುವುದು ಕಾಯಿಲ್ ಜೊತೆಗಿರುವ ಕೊಳವೆಯಲ್ಲಿ. ಗಡಸು ನೀರಿನ ಸುಣ್ಣ ಇವೆರಡನ್ನೂ ಒಟ್ಟಿಗೆ ಮುಚ್ಚಿದರೆ ಕಡ್ಡಿಗೆ ಕಾಯಿಲ್‌ನ ಬಿಸಿ ತಗಲುತ್ತದೆ, ನೀರು ಕಾಯುವ ಮೊದಲೇ ಕರೆಂಟ್ ಕಡಿಯುತ್ತದೆ.

ಹೊಸದನ್ನು ಆರಿಸುವಾಗ

ಹಳೆಯದನ್ನು ಬಿಚ್ಚಿ, ಅದನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವುದು ಒಳ್ಳೆಯದು. ಕಡ್ಡಿಯ ಉದ್ದ (ಬಹಳ ಮಾದರಿಗಳಲ್ಲಿ 270 ಮಿಲಿಮೀಟರ್ ಆಸುಪಾಸು), ದಪ್ಪ, ಟರ್ಮಿನಲ್‌ಗಳ ಜಾಗ, ಗರಿಷ್ಠ ಉಷ್ಣತೆ ಎಲ್ಲವೂ ಹೊಂದಬೇಕು. ಉದ್ದ ಹೆಚ್ಚಾಯಿತೆಂದು ಕಡ್ಡಿ ಕತ್ತರಿಸಬಾರದು. ಕತ್ತರಿಸಿದರೆ ಒಳಗಿನ ಸರಳಿನ ಹಿಡಿತ ತಪ್ಪಿ ಅದು ಕೆಲಸಕ್ಕೆ ಬಾರದು. ತೀರ ಗಿಡ್ಡವಾದುದು ನೀರಿನ ನಿಜವಾದ ಬಿಸಿಯನ್ನು ಅಳೆಯಲಾರದು.

ಮೈಮೇಲೆ ಬರೆದಿರುವ ಆಂಪಿಯರ್ ನೋಡಿ. 230 ವೋಲ್ಟ್‌ನಲ್ಲಿ 2 ಕಿಲೋವ್ಯಾಟ್ ಗೀಸರ್ 8.7 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟ್‌ನದು 13 ಆಂಪಿಯರ್. ಎರಡಕ್ಕೂ 16 ಆಂಪಿಯರ್, 250 ವೋಲ್ಟ್ ಎಂದಿರುವುದನ್ನೇ ತನ್ನಿ. ಹಳೆಯದರಲ್ಲಿ ಕಟೌಟ್ ಸೇರಿದ್ದರೆ ಹೊಸದರಲ್ಲೂ ಇರಲೇಬೇಕು.

ಬಿಚ್ಚುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು. ಮನೆಯ ವೈರಿಂಗ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ, ಒಂದೇ ವೈರ್ ಕಡಿಯುವ ಸ್ವಿಚ್ ಆಫ್ ಆಗಿದ್ದರೂ ಕಾಯಿಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಅದನ್ನು ಕಣ್ಣಿಗೆ ಕಾಣುವಲ್ಲಿ ಇಟ್ಟುಕೊಳ್ಳಿ. ಪ್ಲಗ್ ಇಲ್ಲದೆ ನೇರ ಜೋಡಣೆ ಇದ್ದರೆ ಮೇನ್ ಸ್ವಿಚ್ಚನ್ನೇ ಇಳಿಸಿ, ಮನೆಯವರಿಗೆಲ್ಲ ಹೇಳಿ. ಕವರ್ ತೆಗೆದ ಕೂಡಲೇ ಮಲ್ಟಿಮೀಟರ್‌ನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರನ್ನೂ ಅಳೆಯಿರಿ; ಮೂರೂ ಸೊನ್ನೆ ತೋರಿಸಬೇಕು. ಅದಕ್ಕೂ ಮೊದಲು ಕರೆಂಟ್ ಇರುವ ಬೇರೊಂದು ಸಾಕೆಟ್‌ನಲ್ಲಿ ಮೀಟರ್ ಸರಿಯಿದೆಯೇ ನೋಡಿಕೊಳ್ಳಿ. ದೀಪದ ಟೆಸ್ಟರ್ ಒಂದನ್ನೇ ನಂಬುವುದು ಬೇಡ, ಒಣ ನೆಲ ಅಥವಾ ರಬ್ಬರ್ ಚಪ್ಪಲಿಯ ಮೇಲೆ ಅದರ ದೀಪ ಕಾಣದೆಯೂ ಹೋಗಬಹುದು.

ಟ್ಯಾಂಕ್ ಖಾಲಿ ಮಾಡಬೇಕೇ? ಕಡ್ಡಿ ಅಥವಾ ಬಲ್ಬ್ ಒಣ ಕೊಳವೆಯಲ್ಲಿ ಕೂರುವಂತಿದ್ದರೆ ಬೇಡ, ಬರೀ ಎಳೆದು ತೆಗೆದರಾಯಿತು. ಆದರೆ ನೀರು ಆರಿರಬೇಕು. ಬಿಸಿನೀರಿನ ನಲ್ಲಿ ತಿರುಗಿಸಿ ತಣ್ಣೀರು ಬರುವವರೆಗೆ ಬಿಡಿ. ಕಾಯಿಲ್‌ನ ಫ್ಲ್ಯಾಂಜ್ (ಕಾಯಿಲ್ ಕೂರಿಸಿರುವ ಲೋಹದ ತಟ್ಟೆ) ಬೋಲ್ಟ್ ಬಿಚ್ಚುವುದಾದರೆ ಮಾತ್ರ ನೀರಿನ ವಾಲ್ವ್ ಮುಚ್ಚಿ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು.

ಬದಲಿಸುವ ಕೆಲಸ

ನೇತುಹಾಕುವ ಗೀಸರ್‌ಗಳಲ್ಲಿ ಕವರ್ ಸಾಮಾನ್ಯವಾಗಿ ಕೆಳಭಾಗದಲ್ಲಿರುತ್ತದೆ. ನಾಬ್ ಇದ್ದರೆ ಮೊದಲು ಅದನ್ನು ಎಳೆದು ತೆಗೆಯಿರಿ. ಕವರ್ ಹಿಂದೆ ದೀಪದ ವೈರ್‌ಗಳು ಅಂಟಿಕೊಂಡಿರುವುದರಿಂದ ಥಟ್ಟನೆ ಜಗ್ಗಬಾರದು. ಒಂದು ವೈರನ್ನೂ ಮುಟ್ಟುವ ಮೊದಲು ಎರಡು ಕೋನಗಳಿಂದ ಫೋಟೊ ತೆಗೆದುಕೊಳ್ಳಿ. ಪ್ರತಿ ವೈರ್‌ಗೆ ಟೇಪ್ ಸುತ್ತಿ ಅಂಕಿ ಬರೆದರೆ ಇನ್ನೂ ವಾಸಿ.

ಲಗ್‌ಗಳನ್ನು (ವೈರ್ ತುದಿಯ ಲೋಹದ ಕ್ಲಿಪ್ಪುಗಳನ್ನು) ವೈರ್ ಹಿಡಿದು ಎಳೆಯದೆ, ಇಕ್ಕಳದಿಂದ ಲಗ್ಗನ್ನೇ ಹಿಡಿದು ಬಿಡಿಸಿ. ಈಗ ಮೀಟರನ್ನು ಓಮ್‌ಗೆ ತಿರುಗಿಸಿ. ತಣ್ಣಗಿರುವ ಥರ್ಮೋಸ್ಟಾಟ್ ಮತ್ತು ಕಟೌಟ್ ಸೊನ್ನೆಗೆ ಹತ್ತಿರ ತೋರಿಸಬೇಕು. 2 ಕಿಲೋವ್ಯಾಟ್ ಕಾಯಿಲ್ ಸುಮಾರು 26 ಓಮ್, 3 ಕಿಲೋವ್ಯಾಟ್‌ನದು ಸುಮಾರು 18 ಓಮ್. ಕಾಯಿಲ್‌ನ ಟರ್ಮಿನಲ್‌ಗೂ ಟ್ಯಾಂಕ್‌ನ ಲೋಹಕ್ಕೂ ನಡುವೆ ಅತಿ ದೊಡ್ಡ ರೇಂಜ್‌ನಲ್ಲೂ ಸಂಪರ್ಕವೇ ಇಲ್ಲವೆಂದು ತೋರಿಸಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಕಾಯಿಲ್‌ನಿಂದ ಕರೆಂಟ್ ಸೋರುತ್ತಿದೆ. ಅದನ್ನು ಬದಲಿಸದೆ ಥರ್ಮೋಸ್ಟಾಟ್ ಹಾಕಿ ಮುಚ್ಚುವುದು ಸ್ನಾನ ಮಾಡುವವರ ಜೀವದ ಜೊತೆ ಆಡಿದಂತೆ.

ಹಳೆಯ ಕಡ್ಡಿಯನ್ನು ನೇರವಾಗಿ ಎಳೆಯಿರಿ. ಕೊಳವೆಯಿಂದ ನೀರಿನ ತೇವ ಬಂದರೆ ಕೊಳವೆಯೇ ತೂತಾಗಿದೆ ಎಂದರ್ಥ, ಆಗಲೂ ಕಾಯಿಲ್ ಬದಲಿಸಬೇಕು. ಹೊಸ ಕಡ್ಡಿ ಬುಡದವರೆಗೆ ಸಲೀಸಾಗಿ ಇಳಿಯಬೇಕು. ಅರ್ಧಕ್ಕೆ ನಿಂತರೆ ಬಡಿದು ಕೂರಿಸಬೇಡಿ. ಬಲ್ಬ್ ಮಾದರಿಯಾದರೆ ನಳಿಗೆಯನ್ನು ದೊಡ್ಡ ಸುತ್ತಾಗಿ ಬಾಗಿಸಿ. ಮಡಿಕೆ ಬಿದ್ದರೆ ದ್ರವ ಹರಿಯುವುದಿಲ್ಲ, ಬಿರುಕು ಬಿಟ್ಟರೆ ಸೋರಿಹೋಗುತ್ತದೆ. ಅದು ತಾಮ್ರದ್ದಾದ್ದರಿಂದ ಯಾವ ಟರ್ಮಿನಲ್‌ಗೂ ತಾಗದಂತೆ ಸ್ಲೀವ್ ಹಾಕಿರಬೇಕು.

ಜೋಡಣೆಯಲ್ಲಿ ಅತಿ ಹೆಚ್ಚು ತೊಂದರೆ ಬರುವುದು ಸಡಿಲ ಲಗ್‌ನಿಂದ. ಲಗ್ ಸಡಿಲವಾಗಿ ಅಲ್ಲಿ ಅರ್ಧ ಓಮ್ ತಡೆ ಬಂದರೂ 8.7 ಆಂಪಿಯರ್‌ಗೆ ಆ ಒಂದು ಬಿಂದುವಿನಲ್ಲೇ ಸುಮಾರು 38 ವ್ಯಾಟ್ ಶಾಖ ಹುಟ್ಟುತ್ತದೆ, ಒಂದು ಸೋಲ್ಡರಿಂಗ್ ಐರನ್ ಒಳಗೆ ಇಟ್ಟಂತೆ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಕೊನೆಗೆ ಸುಡುತ್ತದೆ. ಕಪ್ಪಾದ ಲಗ್ಗನ್ನು ಉಜ್ಜಿ ಮತ್ತೆ ಹಾಕುವ ಬದಲು, ವೈರ್‌ನ ಸುಟ್ಟ ಭಾಗ ಕತ್ತರಿಸಿ ಹೊಸ ಲಗ್ ಒತ್ತಿಸಿ. ಟೇಪ್ ಸುತ್ತಿದ ಗಂಟು ಇಲ್ಲಿ ಬಾಳುವುದಿಲ್ಲ.

ಕೊನೆಯಲ್ಲಿ ಹಸಿರು ಅಥವಾ ಹಸಿರು–ಹಳದಿ ಅರ್ತ್ ವೈರ್ ಟ್ಯಾಂಕ್‌ನ ಬೋಲ್ಟಿಗೆ ಬಿಗಿಯಾಗಿದೆಯೇ ನೋಡಿ. ಪ್ಲಗ್‌ನ ದೊಡ್ಡ ಪಿನ್‌ನಿಂದ ಟ್ಯಾಂಕ್‌ಗೆ ಅಳೆದರೆ ಸೊನ್ನೆಗೆ ಹತ್ತಿರ ಬರಬೇಕು.

ಮೊದಲ ಸಲ ಹಾಕುವಾಗ

ಕವರ್ ಮುಚ್ಚಿದ ಮೇಲೆ ಮೊದಲು ನೀರು, ಆಮೇಲೆ ಕರೆಂಟ್. ಬಿಸಿನೀರಿನ ನಲ್ಲಿಯಿಂದ ಗಾಳಿಯ ಸದ್ದಿಲ್ಲದೆ ಒಂದೇ ಸಮನೆ ನೀರು ಬರಬೇಕು. ನೀರಿಲ್ಲದ ಟ್ಯಾಂಕ್‌ನಲ್ಲಿ ಕಾಯಿಲ್ ಬಹುಬೇಗ ಸುಟ್ಟುಹೋಗುತ್ತದೆ. ನಾಬ್ ನಡುವೆ ಇಟ್ಟು ಸ್ವಿಚ್ ಹಾಕಿ, ಸಮಯ ನೋಡಿಕೊಳ್ಳಿ. 25 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಲು ಸುಮಾರು 1 ಯೂನಿಟ್ ವಿದ್ಯುತ್ ಬೇಕು. 2 ಕಿಲೋವ್ಯಾಟ್ ಕಾಯಿಲ್‌ಗೆ ಅದು ಅರ್ಧ ಗಂಟೆಯ ಕೆಲಸ. 15 ಲೀಟರ್‌ನದಕ್ಕೆ 18–20 ನಿಮಿಷ ಸಾಕು. ಐದೇ ನಿಮಿಷದಲ್ಲಿ ದೀಪ ಆರಿದರೆ ಕಡ್ಡಿ ಸರಿಯಾಗಿ ಕೂತಿಲ್ಲ ಅಥವಾ ಸುಣ್ಣ ಕಟ್ಟಿದೆ. ಮುಕ್ಕಾಲು ಗಂಟೆಯಾದರೂ ಆರದಿದ್ದರೆ ಆಫ್ ಮಾಡಿ ಜೋಡಣೆ ಮತ್ತೆ ಪರಿಶೀಲಿಸಿ.

ಈ ಹೊತ್ತಿನಲ್ಲಿ ಸೇಫ್ಟಿ ವಾಲ್ವ್ ತೊಟ್ಟಿಕ್ಕುವುದು ಸಹಜ. ಬಿಸಿಯಾದ 25 ಲೀಟರ್ ನೀರು ಸುಮಾರು 350 ಮಿಲಿಲೀಟರ್‌ನಷ್ಟು ಹಿಗ್ಗುತ್ತದೆ, ಅದು ಎಲ್ಲಿಗಾದರೂ ಹೋಗಲೇಬೇಕು. ಸೋರುತ್ತದೆಂದು ಆ ಬಾಯಿಗೆ ಬಿರಡೆ ಹಾಕಬಾರದು. ಒಂದು ಸಣ್ಣ ಪೈಪ್ ಸಿಕ್ಕಿಸಿ ಚರಂಡಿಯತ್ತ ಬಿಡಿ.

ಎಷ್ಟು ಡಿಗ್ರಿಗೆ ಇಡಬೇಕು?

ಟ್ಯಾಂಕ್‌ನಲ್ಲಿ 60 ಡಿಗ್ರಿ ಇರಲಿ. ನೀರು ಸದಾ 20ರಿಂದ 45 ಡಿಗ್ರಿಯ ನಡುವೆ ನಿಂತರೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ಆದರೆ ಇದೇ 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೂ ಐದಾರು ಸೆಕೆಂಡ್‌ನಲ್ಲಿ ಆಳವಾಗಿ ಸುಡಬಲ್ಲದು, ಮಕ್ಕಳಿಗೆ ಇನ್ನೂ ಬೇಗ. 70 ಡಿಗ್ರಿಗೆ ಒಂದು ಸೆಕೆಂಡ್ ಸಾಕು. ಹಾಗಾಗಿ ಬಕೆಟ್‌ಗೆ ಮೊದಲು ತಣ್ಣೀರು, ನಂತರ ಬಿಸಿನೀರು. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ನಲ್ಲಿಗೆ ಬಿಸಿನೀರಿಗೆ ತಣ್ಣೀರನ್ನು ತಾನೇ ಹದವಾಗಿ ಬೆರೆಸುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕಿಸುವುದು ಖರ್ಚಿಗೆ ತಕ್ಕ ಕೆಲಸ.

ನಾಬ್‌ನಲ್ಲಿ ಬಹುಪಾಲು ಡಿಗ್ರಿ ಬರೆದಿರುವುದಿಲ್ಲ. ದೀಪ ಆರಿದ ಮೇಲೆ ಒಂದು ಲೋಟ ನೀರು ಹಿಡಿದು ಅಡುಗೆಮನೆಯ ಥರ್ಮಾಮೀಟರ್‌ನಲ್ಲಿ ಅಳೆಯಿರಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ನಡೆಯದು. 60 ಬಂದ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ. ಗರಿಷ್ಠಕ್ಕೆ ತಿರುಗಿಸಿದರೆ ನೀರು ಬೇಗ ಕಾಯುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಕಾಯಿಲ್ ಕೊಡುವ ಶಾಖ ಅಷ್ಟೇ, ನಿಲ್ಲುವುದು ಮಾತ್ರ ತಡ. ಜೊತೆಗೆ 60 ದಾಟಿದಂತೆ ಸುಣ್ಣ ಕಟ್ಟುವುದೂ ಜೋರಾಗುತ್ತದೆ.

ಸ್ನಾನಕ್ಕೆ ಇಳಿಯುವ ಮೊದಲು ಸ್ವಿಚ್ ಆರಿಸುವ ಅಭ್ಯಾಸವನ್ನು ಬಿಡಬೇಕಿಲ್ಲ. ಆದರೆ ಅದು ಅರ್ತ್‌ಗೆ ಬದಲಿಯಲ್ಲ. ಗೀಸರ್‌ನ ಲೈನಿನಲ್ಲಿ, ಕರೆಂಟ್ ಸೋರಿದರೆ ಕೂಡಲೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ, ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಗೀಸರ್ ಹಾಕಿದಾಗಲೆಲ್ಲ ಅದು ಬೀಳುತ್ತಿದ್ದರೆ ಕಾಯಿಲ್‌ನಿಂದ ಕರೆಂಟ್ ಸೋರುತ್ತಿದೆ.

ಕಟೌಟ್ ಒಂದು ಸಲ ಟ್ರಿಪ್ ಆದರೆ ನೀರು ಆರಿದ ಮೇಲೆ ರೀಸೆಟ್ ಮಾಡಿ, ನಾಬ್ ಇಳಿಸಿ ನೋಡಬಹುದು. ಎರಡನೇ ಸಲವೂ ಬಿದ್ದರೆ ಮತ್ತೆ ಒತ್ತಬೇಡಿ. ಕಾಯಿಲ್ ಹೊರತೆಗೆಸಿ ಸುಣ್ಣ ಉದುರಿಸಿ. ಅದೇ ಹೊತ್ತಿಗೆ ಪಕ್ಕದಲ್ಲಿರುವ, ಟ್ಯಾಂಕ್ ತುಕ್ಕು ಹಿಡಿಯದಂತೆ ತಡೆಯುವ ಮೆಗ್ನೀಸಿಯಂ ಆನೋಡ್ ಕಡ್ಡಿ ಸವೆದು ಒಳಗಿನ ತಂತಿ ಕಾಣುತ್ತಿದ್ದರೆ ಅದನ್ನೂ, ಫ್ಲ್ಯಾಂಜ್‌ನ ರಬ್ಬರ್ ಗ್ಯಾಸ್ಕೆಟ್ಟನ್ನೂ ಹೊಸದು ಹಾಕಿಸಿ.