ಕಲಿಕೆಯಲ್ಲಿ ತೊಂದರೆ ಇರುವ ಮಗುವಿಗೆ ಸಣ್ಣ ವಸತಿ ಶಾಲೆ ಆರಿಸುವುದು ಹೇಗೆ

ಶಾಲೆ ನೋಡಲು ಹೋದ ಅಪ್ಪ ಅಮ್ಮ ಸಾಮಾನ್ಯವಾಗಿ ತರಗತಿ, ಲೈಬ್ರರಿ, ಮೈದಾನ ನೋಡಿ ವಾಪಸ್ ಬರುತ್ತಾರೆ. ವಸತಿ ಶಾಲೆಗೆ ಅಷ್ಟು ಸಾಲದು. ಮಗು ತರಗತಿಯಲ್ಲಿರುವುದು ದಿನದ ಕೆಲವು ಗಂಟೆ ಅಷ್ಟೇ, ಉಳಿದದ್ದೆಲ್ಲ ಹಾಸ್ಟೆಲ್‌ನಲ್ಲಿ. ಡಿಸ್ಲೆಕ್ಸಿಯಾ (ಓದು ಬರಹದ ತೊಂದರೆ), ಡಿಸ್‌ಕ್ಯಾಲ್ಕುಲಿಯಾ (ಲೆಕ್ಕದ ತೊಂದರೆ) ಅಥವಾ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವ ಮಗುವಿನ ಕಷ್ಟ ಕೊನೆಯ ಬೆಲ್ ಹೊಡೆದ ಕೂಡಲೇ ಮುಗಿಯುವುದಿಲ್ಲ. ಬ್ಯಾಗ್ ಜೋಡಿಸುವಾಗ, ಟೈಮ್‌ಟೇಬಲ್ ನೆನಪಿಡುವಾಗ, ಹೋಮ್‌ವರ್ಕ್ ಏನು ಕೊಟ್ಟಿದ್ದರು ಅಂತ ಯೋಚಿಸುವಾಗ, ರೂಮಿನಲ್ಲಿರುವ ಇತರ ಮಕ್ಕಳ ಜೊತೆ ಹೊಂದಿಕೊಳ್ಳುವಾಗ, ಎಲ್ಲ ಕಡೆಯೂ ಅದು ಬರುತ್ತದೆ. ಆದ್ದರಿಂದ ಶಾಲೆಯವರಿಗೆ ಕೇಳಬೇಕಾದ ದೊಡ್ಡ ಪ್ರಶ್ನೆ ಒಂದೇ: ಪಾಠ ಮುಗಿದ ಮೇಲಿಂದ ರಾತ್ರಿ ಲೈಟ್ ಆರಿಸುವವರೆಗೆ ಇಲ್ಲಿ ಏನು ನಡೆಯುತ್ತದೆ, ಆಗ ನನ್ನ ಮಗುವಿನ ಜೊತೆ ಯಾರಿರುತ್ತಾರೆ?

ಶಾಲೆ ಹುಡುಕುವ ಮುಂಚೆ ಮನೆಯಲ್ಲಿ ಮಾಡುವ ಕೆಲಸ ಸ್ವಲ್ಪ ಇದೆ. ಕಣ್ಣು, ಕಿವಿ ಪರೀಕ್ಷೆ ಮೊದಲು ಮಾಡಿಸಿ. ಕೇಳಿಸದೇ ಇರುವುದನ್ನು ಗಮನ ಇಲ್ಲ ಅಂತ ಅಂದುಕೊಳ್ಳುವುದು ಸುಲಭ. ಆಮೇಲೆ ಮನಶ್ಶಾಸ್ತ್ರಜ್ಞರ ಹತ್ತಿರ ಪೂರ್ತಿ ಮೌಲ್ಯಮಾಪನ ಮಾಡಿಸಿ. ಬಂದ ರಿಪೋರ್ಟ್‌ನಲ್ಲಿ ತೊಂದರೆಯ ಹೆಸರನ್ನು ಮಾತ್ರ ನೋಡಿ ಮಡಚಿಡಬೇಡಿ. ಅಕ್ಷರದ ಸದ್ದುಗಳನ್ನು ಬಿಡಿಸಿ ಜೋಡಿಸುವುದು ಹೇಗಿದೆ, ಓದುವ ವೇಗ ಎಷ್ಟು, ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ಶಕ್ತಿ ಹೇಗಿದೆ, ಯಾವುದರಲ್ಲಿ ಮಗು ಗಟ್ಟಿ, ಇವೆಲ್ಲ ಅದರಲ್ಲಿ ಇರಬೇಕು. ಒಂದೇ ಮಗುವಿಗೆ ಎರಡು ತೊಂದರೆ ಒಟ್ಟಿಗೆ ಇರುವುದು ತುಂಬಾ ಸಾಮಾನ್ಯ, ಡಿಸ್ಲೆಕ್ಸಿಯಾ ಜೊತೆ ಎಡಿಎಚ್‌ಡಿ ಇದ್ದ ಹಾಗೆ. ಬುದ್ಧಿಗೂ ಡಿಸ್ಲೆಕ್ಸಿಯಾಗೂ ಸಂಬಂಧ ಇಲ್ಲ ಅನ್ನುವುದು ಹೊಸ ಮಾತೇನಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯ ಇಂಥ ಒಬ್ಬ ಹದಿನಾಲ್ಕು ವರ್ಷದ ಹುಡುಗನ ಬಗ್ಗೆ ಬರೆದಾಗಲೇ, ಹುಡುಗ ಚುರುಕಾಗಿದ್ದಾನೆ, ಓದುವುದು ಮಾತ್ರ ಬರುತ್ತಿಲ್ಲ ಅಂತ ಹೇಳಿದ್ದರು. ಇಷ್ಟು ವರ್ಷ ಆದ ಮೇಲೂ ನಿಮ್ಮ ಮಗುವನ್ನು ಸೋಮಾರಿ ಅನ್ನುವ ಶಾಲೆ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ರಿಪೋರ್ಟನ್ನು ಶಾಲೆಗೆ ಮುಂಚೆಯೇ ಕಳಿಸಿ. ಭೇಟಿಯ ದಿನ ಅವರು ಅದನ್ನು ಓದಿದ್ದಾರಾ ಇಲ್ವಾ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಓದಿದವರು ನಿಮ್ಮ ಮಗುವಿನ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಓದದವರು ಎಲ್ಲ ಮಕ್ಕಳಿಗೂ ಹೇಳುವುದನ್ನೇ ಹೇಳುತ್ತಾರೆ.

ಓದು ಕಲಿಸುವ ವಿಧಾನದ ಬಗ್ಗೆ ನೇರವಾಗಿ ಕೇಳಿ. ಸದ್ದು ಮತ್ತು ಅಕ್ಷರದ ಸಂಬಂಧವನ್ನು ಹಂತ ಹಂತವಾಗಿ, ಬಿಡಿಸಿ ಹೇಳಿ, ಮತ್ತೆ ಮತ್ತೆ ರೂಢಿ ಮಾಡಿಸಿ ಕಲಿಸುವುದೇ ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಬೇಕಾದದ್ದು. 1930ರ ದಶಕದಲ್ಲಿ ಶುರುವಾದ ಆರ್ಟನ್-ಗಿಲಿಂಗ್‌ಹ್ಯಾಮ್ ವಿಧಾನ ಈ ದಾರಿಯದ್ದೇ, ಬೇರೆ ಹೆಸರಿನವೂ ಇವೆ. ಹೆಸರು ಯಾವುದಾದರೂ ಇರಲಿ, ಶಿಕ್ಷಕರಿಗೆ ಅದರಲ್ಲಿ ತರಬೇತಿ ಆಗಿದೆಯಾ, ವಾರಕ್ಕೆ ಎಷ್ಟು ಸಲ, ಒಂದು ಗುಂಪಿನಲ್ಲಿ ಎಷ್ಟು ಮಕ್ಕಳು ಅಂತ ಕೇಳಿ. ದಿನಾ ಸ್ವಲ್ಪ ಹೊತ್ತು, ಮೂರ್ನಾಲ್ಕು ಮಕ್ಕಳ ಜೊತೆ ಅಥವಾ ಒಬ್ಬೊಬ್ಬರಿಗೇ ಕಲಿಸಿದರೆ ಒಳ್ಳೆಯದು. ವಾರಕ್ಕೊಮ್ಮೆ ಒಂದು ಗಂಟೆ ಅಂದರೆ ಸಾಲದು. ಬಣ್ಣದ ಕನ್ನಡಕ, ವಿಶೇಷ ಫಾಂಟ್ ಇವೇ ಪರಿಹಾರ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅವುಗಳಿಂದ ಓದು ಸುಧಾರಿಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆಡಿಯೋ ಪುಸ್ತಕ, ಬರೆದದ್ದನ್ನು ಓದಿ ಹೇಳುವ ಸಾಫ್ಟ್‌ವೇರ್, ಕೈಬರಹದ ಬದಲು ಟೈಪ್ ಮಾಡುವ ಅನುಮತಿ, ಇವು ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಎಂಟನೇ ತರಗತಿಯ ವಿಜ್ಞಾನ ಅರ್ಥವಾಗುವ ಹುಡುಗಿ, ಅದನ್ನು ಓದಲಾಗದೆ ಕೂತಿರಬೇಕಾಗಿಲ್ಲ ಅಲ್ವಾ?

ಇನ್ನೊಂದು ವಿಷಯ ಹೆಚ್ಚಿನವರು ಕೇಳುವುದೇ ಇಲ್ಲ. ಈ ವಿಶೇಷ ಪಾಠಕ್ಕೆ ಮಗುವನ್ನು ಯಾವ ಪೀರಿಯಡ್‌ನಿಂದ ಎಬ್ಬಿಸಿಕೊಂಡು ಹೋಗುತ್ತಾರೆ? ಆಟ, ಚಿತ್ರಕಲೆ, ಸಂಗೀತದಿಂದ ಅಂದರೆ ನನಗೆ ಸರಿ ಕಾಣುವುದಿಲ್ಲ. ದಿನವಿಡೀ ಸೋಲು ಕಾಣುವ ಮಗುವಿಗೆ ತಾನು ಗೆಲ್ಲುವ ಜಾಗ ಅದೊಂದೇ ಇರಬಹುದು.

ಈಗ ಸಂಜೆಯ ವಿಷಯ. ಸಾಧ್ಯವಾದರೆ ಮಕ್ಕಳು ಓದಲು ಕೂರುವ ಹೊತ್ತಿನಲ್ಲೇ ಭೇಟಿ ಕೊಡಿ. ದೊಡ್ಡ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ, ಗಲಾಟೆ ಆಗದ ಹಾಗೆ ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಿದರೆ ಅದು ಸುಮ್ನೆ ಕಾವಲು. ಪ್ರಶ್ನೆ ಓದಿ ಹೇಳುವವರು, ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಡುವವರು, ನಡುವೆ ಎದ್ದು ಓಡಾಡಲು ಬಿಡುವವರು ಅಲ್ಲಿ ಇರಬೇಕು. ಬೆಳಿಗ್ಗೆಯಿಂದ ಇತರರಿಗಿಂತ ಜಾಸ್ತಿ ಶ್ರಮ ಹಾಕಿದ ಮಗು ಸಂಜೆಗೆ ಸೋತಿರುತ್ತದೆ, ಹೋಮ್‌ವರ್ಕ್ ಎಷ್ಟು ಪುಟ ಅನ್ನುವುದಕ್ಕಿಂತ ಎಷ್ಟು ನಿಮಿಷ ಅಂತ ಮಿತಿ ಇಡುವ ಶಾಲೆ ಇದನ್ನು ಅರ್ಥ ಮಾಡಿಕೊಂಡಿದೆ ಅಂತ ಅರ್ಥ.

ವಾರ್ಡನ್ ಜೊತೆ ಬೇರೆಯಾಗಿ ಮಾತಾಡಿ, ಪ್ರಿನ್ಸಿಪಾಲ್ ಪಕ್ಕದಲ್ಲಿ ಇಲ್ಲದಾಗ. ಒಂದೇ ಉಸಿರಿನಲ್ಲಿ ನಾಲ್ಕು ಕೆಲಸ ಹೇಳಿದರೆ ಈ ಮಕ್ಕಳಿಗೆ ಒಂದೋ ಎರಡೋ ನೆನಪಿರುತ್ತದೆ. ಇದು ವಾರ್ಡನ್‌ಗೆ ಗೊತ್ತಿದ್ದರೆ ಗೋಡೆಯ ಮೇಲೆ ಚಿತ್ರದ ಪಟ್ಟಿ ಇರುತ್ತದೆ, ಗೊತ್ತಿಲ್ಲದಿದ್ದರೆ ಶಿಕ್ಷೆ ಇರುತ್ತದೆ. ಶಿಕ್ಷಕರು ಮತ್ತು ಹಾಸ್ಟೆಲ್‌ನವರು ದಿನಾ ಒಬ್ಬರಿಗೊಬ್ಬರು ವಿಷಯ ತಿಳಿಸುವುದು ಹೇಗೆ ಅಂತ ಇಬ್ಬರಿಗೂ ಕೇಳಿ, ಉತ್ತರ ಒಂದೇ ಬರಬೇಕು. ಮಧ್ಯಾಹ್ನ ತರಗತಿಯಲ್ಲಿ ಅತ್ತ ಮಗುವಿನ ವಿಷಯ ಸಂಜೆ ವಾರ್ಡನ್‌ಗೆ ಗೊತ್ತೇ ಇಲ್ಲ ಅಂದರೆ ಸಣ್ಣ ಶಾಲೆಗೆ ಸೇರಿಸಿ ಏನು ಲಾಭ?

ರಾತ್ರಿ ಎದ್ದರೆ ಯಾರನ್ನು ಕರೆಯಬೇಕು, ಹಾಸಿಗೆ ಒದ್ದೆ ಆದರೆ ಯಾರಿಗೂ ಗೊತ್ತಾಗದ ಹಾಗೆ ಬದಲಿಸಿ ಕೊಡುತ್ತಾರಾ, ತಮಾಷೆ ಹೆಸರಿನಲ್ಲಿ ಕಾಟ ಕೊಡುವವರಿದ್ದರೆ ಮಗು ಯಾರಿಗೆ ಹೇಳಬಹುದು, ಇದನ್ನೆಲ್ಲ ಸಂಕೋಚ ಇಲ್ಲದೆ ಕೇಳಿ. ಶಾಲೆಯ ಹೊರಗಿನವರಿಗೂ ದೂರು ಕೊಡುವ ದಾರಿ ಮಕ್ಕಳಿಗೆ ಗೊತ್ತಿರಬೇಕು. ಎಡಿಎಚ್‌ಡಿಗೆ ಔಷಧಿ ಇದ್ದರೆ ಅದನ್ನು ಬೀಗ ಹಾಕಿ ಇಡಬೇಕು, ದೊಡ್ಡವರೇ ಕೊಡಬೇಕು, ಕೊಟ್ಟ ಹೊತ್ತು ಬರೆದಿಡಬೇಕು. ಇಂಥ ಕೆಲವು ಔಷಧಿಗಳಿಂದ ಹಸಿವು ಕಡಿಮೆ ಆಗುತ್ತದೆ, ನಿದ್ದೆ ತಡವಾಗುತ್ತದೆ. ಮಧ್ಯಾಹ್ನ ಊಟ ಬಿಟ್ಟ ಮಗುವಿಗೆ ಸಂಜೆ ಹಸಿವಾದಾಗ ಏನಾದರೂ ಸಿಗಬೇಕು, ತೂಕವನ್ನೂ ಆಗಾಗ ನೋಡುತ್ತಿರಬೇಕು.

ಸಣ್ಣ ಶಾಲೆ ಅಂದರೆ ಎಲ್ಲವೂ ಚೆನ್ನಾಗಿರುತ್ತದೆ ಅಂತಲ್ಲ. ಪರಿಣತಿ ಇರುವವರು ಒಬ್ಬರೇ ಇದ್ದು, ಅವರು ಕೆಲಸ ಬಿಟ್ಟರೆ ಇಡೀ ವ್ಯವಸ್ಥೆ ನಿಂತು ಹೋಗಬಹುದು. ಎಷ್ಟು ವರ್ಷದಿಂದ ಯಾರು ಇದ್ದಾರೆ ಅಂತ ಕೇಳಿ. ನಿಮ್ಮ ಮಗುವಿನ ವಯಸ್ಸಿನವರು ಎಷ್ಟು ಜನ ಇದ್ದಾರೆ ಅಂತಲೂ ನೋಡಿ, ಸಂಖ್ಯೆ ತೀರಾ ಕಡಿಮೆ ಇದ್ದು ಇಬ್ಬರ ಜೊತೆ ಜಗಳ ಆದರೆ ಸ್ನೇಹಿತರೇ ಇರುವುದಿಲ್ಲ.

ಶಾಲೆ ಗೊತ್ತಾದ ಮೇಲೆ ಮಗುವನ್ನು ಎರಡು ಮೂರು ರಾತ್ರಿ ಅಲ್ಲಿ ಇರಲು ಬಿಡಿ. ಯಾಕೆ ಹೋಗುತ್ತಿದ್ದೀಯ ಅಂತ ನಿಜ ಹೇಳಿ. ನನ್ನನ್ನು ದೂರ ಕಳಿಸುತ್ತಿದ್ದಾರೆ ಅನ್ನುವ ಭಾವನೆ ಮಗುವಿಗೆ ಬಂದರೆ ಎಷ್ಟು ಒಳ್ಳೆಯ ಪಾಠವೂ ತಲೆಗೆ ಹತ್ತುವುದಿಲ್ಲ. ಇಷ್ಟ ಆಗದಿದ್ದರೆ ಮಾರನೇ ದಿನವೇ ಕರೆದುಕೊಂಡು ಬರುತ್ತೇನೆ ಅಂತ ಮಾತ್ರ ಹೇಳಬೇಡಿ, ಆಗ ಹೊಂದಿಕೊಳ್ಳುವ ಪ್ರಯತ್ನವೇ ನಿಂತುಬಿಡುತ್ತದೆ. ಮುಂದಿನ ಭೇಟಿ ಯಾವತ್ತು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಕೊಡಿ, ಆ ದಿನ ತಪ್ಪಿಸಬೇಡಿ. ಫೋನ್‌ನಲ್ಲಿ ಹೇಗಿದ್ದೀಯ ಅಂದರೆ ಚೆನ್ನಾಗಿದ್ದೀನಿ ಅಂತ ಮಾತ್ರ ಬರುತ್ತದೆ. ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ, ಸಂಜೆ ಏನು ಆಡಿದೆ ಅಂತ ಕೇಳಿ.

ಮೊದಲ ಕೆಲವು ವಾರ ಅಳು, ಮನೆ ನೆನಪು ಸಹಜ, ರಾತ್ರಿ ಹೊತ್ತು ಜಾಸ್ತಿ. ಅದು ದಿನ ಕಳೆದಂತೆ ಕಡಿಮೆ ಆಗಬೇಕು. ಬದಲಿಗೆ ಊಟ ಬಿಡುವುದು, ನಿದ್ದೆ ಇಲ್ಲದಿರುವುದು, ಪದೇ ಪದೇ ಹೊಟ್ಟೆನೋವು, ಮೊದಲು ಇಷ್ಟಪಡುತ್ತಿದ್ದ ಆಟ ಬೇಡ ಅನ್ನುವುದು ಶುರುವಾದರೆ ಟರ್ಮ್ ಮುಗಿಯಲಿ ಅಂತ ಕಾಯದೆ ಹೋಗಿ ನೋಡಿ. ಹಾಗೇ ಟರ್ಮಿಗೊಮ್ಮೆ ಶಾಲೆಯವರ ಜೊತೆ ಕೂತು, ಸೇರುವಾಗ ಮಾಡಿದ ಅದೇ ಅಳತೆಯಲ್ಲಿ ಓದು, ಬರಹ, ಲೆಕ್ಕ ಎಲ್ಲಿಗೆ ಬಂದಿದೆ ಅಂತ ಕಾಗದದ ಮೇಲೆ ತೋರಿಸಲು ಹೇಳಿ. ಸಾಮಾನ್ಯ ಶಾಲೆಗೆ ವಾಪಸ್ ಹೋಗುವುದು ಯಾವಾಗ, ಅಲ್ಲಿನ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಪಡೆಯಲು ಯಾವ ದಾಖಲೆ ಬೇಕು ಅನ್ನುವುದನ್ನೂ ಮೊದಲ ವರ್ಷವೇ ಮಾತಾಡಿ ಬರೆಸಿಕೊಳ್ಳಿ, ಕೊನೆಯ ವರ್ಷ ಕೇಳಿದರೆ ತಡವಾಗಿರುತ್ತದೆ.