ಕುರಿ ಕಾಯುವ ನಾಯಿಗೆ ಮೊದಲು ಕಲಿಸಬೇಕಾದ್ದು ನಿಲ್ಲುವುದನ್ನು

ಪುಣೆಯ ಕನ್ನಡಿಗರಲ್ಲಿ ಬಾರ್ಡರ್ ಕೋಲಿ ಎಂಬ ಕುರಿ ಕೂಡಿಸುವ ತಳಿಯ ನಾಯಿ ಸಾಕಿದವರು ಈಗ ಆಗಾಗ ಸಿಗುತ್ತಾರೆ. ವಾಕಡ್, ಹಿಂಜವಡಿಯ ಫ್ಲ್ಯಾಟುಗಳಲ್ಲಿ ಬೆಳೆದ ನಾಯಿಯನ್ನು ಸಾಸವಡ, ಜೇಜುರಿ ಕಡೆಯ ಕುರಿಹಿಂಡಿನ ಹತ್ತಿರ ತಂದು, "ರಕ್ತದಲ್ಲೇ ಇದೆ, ಬಿಟ್ಟರೆ ಸಾಕು" ಅನ್ನುತ್ತಾರೆ. ರಕ್ತದಲ್ಲಿರುವುದು ಬೇಟೆ. ಗುರುತಿಸುವುದು, ದೃಷ್ಟಿ ನೆಡುವುದು, ಹೊಂಚುತ್ತ ಸರಿಯುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು: ತೋಳನಲ್ಲಿ ಈ ಸರಪಳಿ ಇಡಿಯಾಗಿದೆ. ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಕುರಿಗಾಹಿಗಳು ತಲೆಮಾರುಗಟ್ಟಲೆ ಆರಿಸಿ ಆರಿಸಿ ಮೊದಲ ಕೊಂಡಿಗಳನ್ನು ಗಟ್ಟಿಮಾಡಿದರು, ಕೊನೆಯವನ್ನು ಸಡಿಲಿಸಿದರು. ಸಡಿಲಾಗಿವೆ, ಅಳಿದಿಲ್ಲ. ಹಾಗಾಗಿ ನಾನು ಓಡಿಸಲು ಕಲಿಸುವುದೇ ಇಲ್ಲ. ಅದು ನಾಯಿಗೆ ಬಂದೇ ಇದೆ. ಎಲ್ಲಿ ನಿಲ್ಲಬೇಕು, ಎಷ್ಟು ದೂರವಿರಬೇಕು, ಯಾವಾಗ ಬಿಟ್ಟುಬರಬೇಕು ಎನ್ನುವುದಷ್ಟೇ ನನ್ನ ಪಾಠ.

ಎಲ್ಲ ನಾಯಿಯೂ ಈ ಕೆಲಸಕ್ಕಲ್ಲ. ನಮ್ಮ ಮುಧೋಳ ನಾಯಿ, ಇಲ್ಲಿನವರ ಬಾಯಲ್ಲಿ ಕಾರವಾನಿ, ಓಡುವುದನ್ನು ಕಂಡರೆ ನೇರ ಬೆನ್ನಟ್ಟಿ ಹಿಡಿಯುವ ಜಾತಿ. ಸುತ್ತು ಹಾಕಿ ಕೂಡಿಸುವ ಬುದ್ಧಿ ಅದಕ್ಕಿಲ್ಲ. ಇಲ್ಲಿನ ಕುರಿಗಾಹಿ ಸಮುದಾಯವಾದ ಧನಗರರ ಹಟ್ಟಿಯ ನಾಟಿ ನಾಯಿಗಳದ್ದು ಕಾವಲು ಕೆಲಸ. ಮರಿಯಿದ್ದಾಗಿಂದ ಕುರಿಗಳ ನಡುವೆಯೇ ಮಲಗಿ ಬೆಳೆದು, ರಾತ್ರಿ ತೋಳ ಸುಳಿದರೆ ಬೊಗಳಿ ಮೇಲೆ ಬೀಳುತ್ತವೆ. ಸುಪೆ, ಬಾರಾಮತಿ ಕಡೆಯ ಹುಲ್ಲುಗಾವಲಿನಲ್ಲಿ ತೋಳಗಳಿರುವುದರಿಂದ ಆ ನಾಯಿಗಳಿಲ್ಲದೆ ಹಿಂಡು ಉಳಿಯದು. ಅವುಗಳ ಕಣ್ಣಿಗೆ ನಮ್ಮ ಕೋಲಿಯೂ ಹೊಂಚುವ ಪ್ರಾಣಿಯೇ. ಆದ್ದರಿಂದ ಮೊದಲು ಕುರಿಗಾಹಿಗೆ ಹೇಳಿ ಅವನ್ನು ಕಟ್ಟಿಸಬೇಕು, ಆಮೇಲೆ ನಮ್ಮದನ್ನು ಗಾಡಿಯಿಂದ ಇಳಿಸಬೇಕು.

ಕುರಿಗಳನ್ನೂ ಪಳಗಿಸಬೇಕು ಎನ್ನುವುದನ್ನು ಹಲವರು ಮರೆಯುತ್ತಾರೆ. ಇಲ್ಲಿನ ದಖ್ಖನಿ ಕುರಿ ಮನುಷ್ಯನ ಹಿಂದೆ ನಡೆದು ರೂಢಿಯಾದದ್ದು. ದೃಷ್ಟಿ ನೆಡುವ ನಾಯಿಯನ್ನು ಕಂಡರೆ ಅದಕ್ಕೆ ತೋಳವೇ ನೆನಪಾಗಿ ದಿಕ್ಕಾಪಾಲಾಗುತ್ತದೆ. ಹೊಸ ನಾಯಿಗೆ ಹೊಸ ಕುರಿ ಕೊಡಬೇಡಿ. ಅನುಭವವಿರುವ ನಾಯಿಯೊಂದನ್ನು ಹಗ್ಗದಲ್ಲಿ ಹಿಡಿದು ಐದಾರು ಕುರಿಗಳ ಸುತ್ತ ದಿನವೂ ನಡೆದಾಡಿದರೆ, ಅವು ಓಡುವ ಬದಲು ಒಟ್ಟುಗೂಡಿ ನನ್ನ ಕಡೆಗೇ ಬರಲು ಕಲಿಯುತ್ತವೆ. ಗಬ್ಬದ ಕೊನೆಯ ಎರಡು ತಿಂಗಳ ಕುರಿ, ಮರಿಯಿರುವ ತಾಯಿ, ಹಾಯುವ ಟಗರು ಬೇಡ. ಟಗರಿನ ಒಂದು ಗುದ್ದು ತಿಂದ ಎಳೆಯ ನಾಯಿ ಮುಂದೆ ಹೆದರಿಕೆಯಿಂದಲೇ ಕಚ್ಚಲು ಕಲಿಯುತ್ತದೆ. ದೀಪಾವಳಿ ಮುಗಿದ ಮೇಲೆ ಹಲವು ಹಿಂಡುಗಳು ಘಟ್ಟ ಇಳಿದು ಕೊಂಕಣಕ್ಕೆ ಹೋಗುವುದರಿಂದ, ಕುರಿಗಾಹಿಯ ಜೊತೆ ಮಾತು ಅದಕ್ಕೆ ಮೊದಲೇ ಆಗಿರಬೇಕು.

ನಾಯಿ ಎಂಟರಿಂದ ಹನ್ನೆರಡು ತಿಂಗಳಿನದಾಗಿ, ಕುರಿಯನ್ನು ಓಟದಲ್ಲಿ ದಾಟುವಷ್ಟಾದಾಗ ಶುರುಮಾಡುತ್ತೇನೆ. ದಾಟಲಾಗದ ಮರಿ ಹಿಂದಿನಿಂದ ಬರೀ ಅಟ್ಟುತ್ತದೆ, ಅದೇ ಚಟವಾಗುತ್ತದೆ. ಅಷ್ಟರೊಳಗೆ ಮೂರು ವಿಷಯ ಗಟ್ಟಿಯಾಗಿರಬೇಕು: ಕರೆದರೆ ಬರುವುದು, ಎಲ್ಲಿದ್ದರೂ ಮಲಗುವುದು, ಹಗ್ಗ ಸಡಿಲವಿದ್ದಾಗಲೂ ಕುರಿಗಳ ಪಕ್ಕದಲ್ಲಿ ಸುಮ್ಮನೆ ನಡೆಯುವುದು.

ಕಲಿಸುವ ದೊಡ್ಡಿ 20ರಿಂದ 25 ಮೀಟರ್ ಅಡ್ಡಳತೆಯ ದುಂಡು ಜಾಗವಾಗಿರಲಿ, ಮೂಲೆ ಇರಬಾರದು. ಕುರಿ ತರುಬುವ ನೈಲಾನ್ ಬಲೆಯಿಂದಲೇ ಕಟ್ಟಬಹುದು. ಒಳಬದಿಗೆ ಹಸಿರು ಶೇಡ್‌ನೆಟ್ ಸುತ್ತಿದರೆ ಕುರಿಗೆ ಗೋಡೆಯಂತೆ ಕಂಡು, ನುಗ್ಗಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ನಾಯಿಯ ಕೊರಳಪಟ್ಟಿಗೆ ಐದು ಮೀಟರಿನ ಹಗುರ ಹಗ್ಗ. ತುದಿಯಲ್ಲಿ ಗಂಟು, ಕುಣಿಕೆ ಎರಡೂ ಇರಬಾರದು, ಇದ್ದರೆ ಕುರಿಯ ಕಾಲಿಗೆ ಸಿಗುತ್ತದೆ. ಕೈಯಲ್ಲಿ ಒಂದೂವರೆ ಮೀಟರಿನ ಬಿದಿರು ಕೋಲು. ಅದು ನನ್ನ ತೋಳನ್ನು ಉದ್ದಮಾಡಿ ದಾರಿ ಅಡ್ಡಗಟ್ಟಲಿಕ್ಕೆ, ಹೊಡೆಯಲಿಕ್ಕಲ್ಲ.

ನಾನು ಕುರಿಗಳಿಗೂ ನಾಯಿಗೂ ನಡುವೆ ನಿಲ್ಲುತ್ತೇನೆ. ಬಿಟ್ಟ ಕೂಡಲೇ ನಾಯಿ ಸುತ್ತು ಹೊಡೆಯುತ್ತದೆ. ಒಳ್ಳೆಯ ಕೋಲಿ ತಾನಾಗಿಯೇ ಕುರಿಗಳ ಆಚೆ, ನನಗೆ ನೇರ ಎದುರು ಬಂದು ನಿಧಾನಿಸುತ್ತದೆ. ನಾನು 6 ಗಂಟೆಯ ಜಾಗದಲ್ಲಿದ್ದರೆ ಅದು 12ರಲ್ಲಿ. ತಲೆ ಭುಜದ ಮಟ್ಟಕ್ಕೆ ಇಳಿದು, ಬಾಲ ಹಿಂಗಾಲುಗಳ ನಡುವೆ ತೂಗುತ್ತಿದ್ದರೆ ಮನಸ್ಸು ಕೆಲಸದಲ್ಲಿದೆ. ಬಾಲ ಮೇಲೆದ್ದರೆ ಅದಕ್ಕೆ ಇದಿನ್ನೂ ಆಟ. "ಮಲಗು" ಅನ್ನುವುದನ್ನು ಆ ಎದುರು ಜಾಗದಲ್ಲಿ ಮಾತ್ರ ಹೇಳುತ್ತೇನೆ, ಯಾಕೆಂದರೆ ಅಲ್ಲಿ ನಿಲ್ಲುವುದು ಅದರ ಸಹಜ ಇಚ್ಛೆಯೂ ಹೌದು. ಕುರಿಗಳ ಪಕ್ಕದಲ್ಲಿ ಓಡುತ್ತಿರುವಾಗ ಹೇಳಿದರೆ ಅವು ತಪ್ಪಿಸಿಕೊಳ್ಳುತ್ತಿವೆ ಎಂದು ಅದಕ್ಕೆ ಗೊತ್ತಿರುತ್ತದೆ, ಕೇಳುವುದಿಲ್ಲ. ಮಲಗಿ ಎರಡು ಮೂರು ಸೆಕೆಂಡು ಆಗುತ್ತಲೇ ನಾನು ಹಿಂದೆ ಹಿಂದೆ ನಡೆದು ಕುರಿಗಳನ್ನು ನನ್ನತ್ತ ತರಲು ಬಿಡುತ್ತೇನೆ. ಬಿಸ್ಕತ್ತು ಬೇಕಿಲ್ಲ. ನಿಂತದ್ದಕ್ಕೆ ಕುರಿ ಸಿಕ್ಕಿತು, ಅದೇ ಬಹುಮಾನ. ಒಂದು ಸರದಿ ಐದರಿಂದ ಹತ್ತು ನಿಮಿಷ, ಅದಕ್ಕಿಂತ ಹೆಚ್ಚಲ್ಲ.

ದಿಕ್ಕಿನ ಪದಗಳು ನಂತರ. ನಾಯಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತಿರುವಾಗಲೇ ಒಂದು ಪದ, ತಿರುಗಿ ಸುತ್ತುವಾಗ ಇನ್ನೊಂದು. "ಎಡಕ್ಕೆ", "ಬಲಕ್ಕೆ" ಎರಡರ ಬಾಲವೂ ಒಂದೇ ಆದ್ದರಿಂದ ದೂರಕ್ಕೆ ಗೊಂದಲ. ನಾನು ಒಂದನ್ನು ಚಿಟಿಕೆಯಂತೆ "ಎಡ್" ಎಂದೂ ಇನ್ನೊಂದನ್ನು ಎಳೆದು "ಬಲೇ" ಎಂದೂ ಕೂಗುತ್ತೇನೆ. ಮನೆಯವರ ಕನ್ನಡ, ಕುರಿಗಾಹಿಯ ಮರಾಠಿ ಬೆರೆತುಹೋಗದಂತೆ ಎಲ್ಲರೂ ಒಂದೇ ಪದ ಒಪ್ಪಿಕೊಂಡಿರಬೇಕು.

ಉಣ್ಣೆಗೆ ಬಾಯಿ ಹಾಕುವುದು ಎಲ್ಲರಿಗೂ ಎದುರಾಗುವ ತೊಂದರೆ. ಕಾರಣ ಸಾಮಾನ್ಯವಾಗಿ ಇಕ್ಕಟ್ಟು: ಕುರಿ ಬೇಲಿಗೆ ಒತ್ತಿಕೊಂಡಿರುತ್ತದೆ, ನಾಯಿ ತೀರಾ ಹತ್ತಿರವಿರುತ್ತದೆ, ಅಥವಾ ದಣಿದಿರುತ್ತದೆ. ಹೊಡೆದರೆ ಕುರಿಯ ಹತ್ತಿರ ಹೋದಾಗ ಏಟು ಬೀಳುತ್ತದೆಂದು ಕಲಿತು ಇನ್ನೂ ಗಡಿಬಿಡಿಯಲ್ಲಿ ಕಚ್ಚುತ್ತದೆ. ಕುರಿಗಳನ್ನು ಬೇಲಿಯಿಂದ ನಡುವಿಗೆ ತನ್ನಿ, ಕೋಲು ಚಾಚಿ ನಾಯಿಯನ್ನು ಹೊರಕ್ಕೆ ತಳ್ಳಿ, ಸರದಿ ಅಲ್ಲಿಗೆ ಮುಗಿಸಿ. ಎಷ್ಟು ಹತ್ತಿರ ಎಂದರೆ ಹೆಚ್ಚು ಎಂಬುದನ್ನು ಕುರಿಯೇ ತೋರಿಸುತ್ತದೆ. ಮೊದಲು ಮೆಲುಕು ನಿಲ್ಲುತ್ತದೆ, ತಲೆ ಏಳುತ್ತದೆ, ಎರಡೂ ಕಿವಿ ನಾಯಿಯತ್ತ ತಿರುಗುತ್ತವೆ, ಆಮೇಲೆ ಮೈ ತಿರುಗುತ್ತದೆ. ಕಿವಿ ತಿರುಗಿದಾಗಲೇ ನಾಯಿಯನ್ನು ನಿಲ್ಲಿಸಿದರೆ ಹಿಂಡು ನಡೆಯುತ್ತದೆ. ಮೈ ತಿರುಗುವವರೆಗೆ ಕಾದರೆ ಓಡುತ್ತದೆ.

ಕೆಲವು ನಾಯಿಗಳದ್ದು ಇದಕ್ಕೆ ಉಲ್ಟಾ ತೊಂದರೆ, ದೃಷ್ಟಿ ನೆಟ್ಟು ಕಲ್ಲಾಗಿಬಿಡುತ್ತವೆ. ಆಗ ನಾನೇ ಕುರಿಗಳನ್ನು ನಡೆಸಿಕೊಂಡು ಹೊರಟರೆ ಹಿಡಿತ ಬಿಡುತ್ತದೆ. ನಾಯಿ ಸುಮ್ಮನೆ ಸುತ್ತುತ್ತಲೇ ಇದ್ದರೆ ತಪ್ಪು ನಿಂತಲ್ಲೇ ನಿಂತು ಕಲಿಸುವವನದು. ಕೆಲಸ ಮುಗಿಸುವಾಗ ದೂರದಿಂದ ಕರೆಯಬೇಡಿ. ಮಲಗಿಸಿ, ನೀವೇ ಹೋಗಿ ಹಗ್ಗ ಹಿಡಿದು "ಸಾಕು" ಅನ್ನಿ. ನಡುವೆ ಆಗಾಗ ಕರೆದು ಮತ್ತೆ ಕುರಿಗೆ ಕಳಿಸಿ. ಇಲ್ಲದಿದ್ದರೆ ಕರೆಯೆಂದರೆ ಕೆಲಸ ಕಿತ್ತುಕೊಳ್ಳುವುದು ಎಂದು ಅದು ತಿಳಿಯುತ್ತದೆ.

ಇದೇ "ಸಾಕು" ಮನೆಯಲ್ಲೂ ಬೇಕು. ಸೊಸೈಟಿಯಲ್ಲಿ ಸ್ಕೂಟರ್ ಅಟ್ಟುವುದು, ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುವುದು ಅದೇ ಸರಪಳಿ. ಓಟ ಶುರುವಾದ ಮೇಲೆ ಕೂಗಿ ಫಲವಿಲ್ಲ. ತಲೆ ಇಳಿದು ದೃಷ್ಟಿ ನೆಟ್ಟ ಕ್ಷಣದಲ್ಲೇ ಕರೆದು ಬೇರೆ ಕಡೆ ತಿರುಗಿಸಬೇಕು. ಲೇಸರ್ ದೀಪದ ಆಟ ಖಂಡಿತ ಬೇಡ. ಹಿಡಿಯಲು ಏನೂ ಸಿಗದ ಆ ಬೆನ್ನಟ್ಟುವಿಕೆಯಿಂದ ನೆರಳು, ಬೆಳಕಿನ ಗೀಳು ಹತ್ತುತ್ತದೆ. ಗಂಟೆಗಟ್ಟಲೆ ಚೆಂಡು ಎಸೆಯುವ ಬದಲು ಊಟದ ಕಾಳುಗಳನ್ನು ಹುಲ್ಲಿನಲ್ಲಿ ಅಡಗಿಸಿ ಮೂಸಿ ಹುಡುಕಿಸಿದರೆ ಶಾಂತವಾಗುತ್ತದೆ.

ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರ ನಂತರ ಕೆಲಸವಿಲ್ಲ. ನಾಲಗೆಯ ತುದಿ ಚಮಚದಂತೆ ಅಗಲವಾಗಿ, ಚೆನ್ನಾಗಿ ಕೇಳುತ್ತಿದ್ದ ನಾಯಿ ಕೇಳದಾದರೆ ಅದು ಹಟವಲ್ಲ, ಕಾವು. ಮೈತುಂಬ ನೀರು ಸುರಿದು ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿದರೆ ಕಾವು ಒಳಗೇ ಉಳಿಯುತ್ತದೆ. ಮಳೆಗಾಲದ ನಂತರ ಇಲ್ಲಿನವರು ಕುಸಳ್ ಅನ್ನುವ ಚೂಪು ಹುಲ್ಲುಬೀಜ ಬೆರಳ ಸಂದಿ, ಕಿವಿಗಳಲ್ಲಿ ಹೊಕ್ಕಿರುತ್ತದೆ, ಮನೆಗೆ ಬಂದ ಕೂಡಲೇ ನೋಡಬೇಕು.

ಕುರಿಗಾಹಿಯ ನಂಬಿಕೆ ಉಳಿಸಿಕೊಳ್ಳಲು ನಾಯಿಯ ಹೊಟ್ಟೆ ಚೊಕ್ಕಟವಿರಬೇಕು. ಕುರಿಯ ಹಸಿ ತಲೆ, ಮಿದುಳು ತಿಂದ ನಾಯಿಯಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆ ಮೇವಿಗೆ ಸೇರಿ, ಕುರಿಯ ಮಿದುಳಿನಲ್ಲಿ ನೀರುಗುಳ್ಳೆಯಾಗುತ್ತದೆ. ಅಂಥ ಕುರಿ ಒಂದೇ ದಿಕ್ಕಿಗೆ ಗಿರಕಿ ಹೊಡೆಯುತ್ತ ಸಾಯುತ್ತದೆ. ಹಸಿ ತಲೆ, ಈಲಿ (ಲಿವರ್) ಯಾವುದನ್ನೂ ಹಾಕಬೇಡಿ. ಲಾಡಿಹುಳುವಿನ ಔಷಧ ಪ್ರಾಝಿಕ್ವಾಂಟೆಲ್ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಲೆಕ್ಕದಲ್ಲಿ, ಕುರಿಗಳ ಜೊತೆ ಓಡಾಡುವ ನಾಯಿಗೆ ಆರು ವಾರಕ್ಕೊಮ್ಮೆ, ಪಶುವೈದ್ಯರನ್ನು ಕೇಳಿ ಕೊಡಿ. ಕುರಿಗಳಿಗೆ ಜಂತುಹುಳುವಿನ ಔಷಧ ಐವರ್‌ಮೆಕ್ಟಿನ್ ಕುಡಿಸಿದ ದಿನಗಳಲ್ಲಿ ನಾಯಿ ಅವುಗಳ ಹಿಕ್ಕೆ ತಿನ್ನದಂತೆ ನೋಡಿಕೊಳ್ಳಿ. ಕೋಲಿ ಕುಲದ ಕೆಲವು ನಾಯಿಗಳಿಗೆ ಆ ಔಷಧ ಮಿದುಳಿಗೇರುತ್ತದೆ. ಕುರಿಗಾಹಿ ಯಾವತ್ತು ಔಷಧ ಹಾಕಿದ ಎಂದು ಫೋನಿನಲ್ಲಿ ಕೇಳಿಕೊಂಡೇ ನಾನು ನಾಯಿಯನ್ನು ಗಾಡಿಗೆ ಹತ್ತಿಸುವುದು.